ಸಮಾನತೆಗೆ ಕಳಿಸಿದ ಬದಲಿ ಆಳು

ಹೈದರಾಬಾದಿನ ಪಶ್ಚಿಮದ ಬಂಡೆಗಳನ್ನೆಲ್ಲ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ ನಾನು ಟೈಲ್ಸ್ ಕೂರಿಸುವ ಕಾಂಟ್ರಾಕ್ಟರ್ ಆಗಿದ್ದೆ. ಅಪ್ಪ ಕುಷಾಯಿಗೂಡದ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ನೌಕರ. ನಾನೂ ಅಲ್ಲಿಗೇ ಸೇರುತ್ತೇನೆಂದು ಕಾದು, ಪರೀಕ್ಷೆಗಳಲ್ಲಿ ಡುಮ್ಕಿ ಹೊಡೆದು, ಕೊನೆಗೆ ಈ ಕೆಲಸ ಹಿಡಿದಿದ್ದೆ. ಸಾಫ್ಟ್‌ವೇರಿನವರು ಕೂತು ಗುಂಡಿ ಒತ್ತಬೇಕಾದರೂ ಕಾಲ ಕೆಳಗೆ ನೆಲ ಬೇಕಲ್ಲ, ಅದನ್ನು ಹಾಸುವವನು ನಾನು ಎಂಬ ಜಂಬ ನನಗಿತ್ತು. ನಿಜವಾಗಿ ಹಾಸುತ್ತಿದ್ದವರು ಯಾದಗಿರಿ ಕಡೆಯ ಒಂಬತ್ತು ಜನ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನಲ್ಲಿ ಕೂಗಾಡುತ್ತಿದ್ದೆ.

ಆ ಒಂಬತ್ತರಲ್ಲಿ ಏಳು ಗಂಡಸರು, ಒಬ್ಬ ಮೇಸ್ತ್ರಿ, ಮತ್ತು ಮೇಸ್ತ್ರಿಯ ಹೆಂಡತಿ. ನಮ್ಮ ಕಸುಬಿನಲ್ಲಿ ಗಂಡ ಹೆಂಡತಿಯನ್ನು ಜೋಡಿ ಎಂದು ಕೆಲಸಕ್ಕೆ ತೆಗೆದುಕೊಳ್ಳುವ ವಾಡಿಕೆ. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಬರೆದು ಪಕ್ಕದಲ್ಲಿ ‘ಜೋಡಿ’ ಎಂದು ಹಾಕಿದರೆ ಹೆಂಡತಿಯೂ ಅದರೊಳಗೆ ಬಂದಳು ಅಂತ ಲೆಕ್ಕ. ನಾನು ನಾಲ್ಕು ವರ್ಷ ಹಾಗೇ ಬರೆದಿದ್ದೆ. ಅದರಲ್ಲಿ ತಪ್ಪೇನಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಟೈಲ್ಸ್ ಕೊಯ್ಯುವ ಧೂಳು ಕುಡಿದು ಕುಡಿದು ಮೇಸ್ತ್ರಿಗೆ ಕೆಮ್ಮು ಹತ್ತಿತ್ತು. ಡಾಕ್ಟರು ಈ ಕೆಲಸ ಬಿಡು ಎಂದಿದ್ದರು. ಈ ಕಟ್ಟಡ ಮುಗಿದ ಮೇಲೆ ಅವನು ಊರಿಗೆ ಹೋಗಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂರುವುದು ಎಂದು ನಿಶ್ಚಯವಾಗಿತ್ತು. ಒಂದು ಬೆಳಿಗ್ಗೆ ಅವನ ಹೆಂಡತಿ ನನ್ನ ಬಳಿ ಬಂದಳು.

“ಸಾವ್ಕಾರ್ರ, ಇವ್ರು ಊರಿಗೆ ಹೋದಮ್ಯಾಲೆ ನನ್ನ ಹೆಸರ್ಲೆ ಮೇಸ್ತ್ರಿ ಅಂತ ಬರಕೋರಿ. ಇಲ್ಲಾಂದ್ರ ಜೋಡಿ ಮುರೀತು ಅಂತ ನನ್ನ ಮತ್ತ ಬುಟ್ಟಿ ಹೊರಾಕ ಹಚ್ತಾರ.”

ನಾನು ನಕ್ಕುಬಿಟ್ಟೆ. ಹೆಂಗಸು ಮೇಸ್ತ್ರಿಯಾಗಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. “ನೋಡೋಣ ತಂಗಿ,” ಎಂದೆ. ನನ್ನ ಬಾಯಲ್ಲಿ ‘ನೋಡೋಣ’ ಎಂದರೆ ಇಲ್ಲ ಎಂದೇ ಅರ್ಥ. ಅದು ಅವಳಿಗೂ ಗೊತ್ತಿತ್ತು.

ಅದೇ ವಾರ ಕಟ್ಟಡದ ಮಾಲೀಕ ಕಂಪನಿಯಿಂದ ಕಾಗದ ಬಂತು. ಕಂಪನಿ ಹೊರದೇಶದ್ದು. ಗೇಟಿನೊಳಗೆ ಕಾಲಿಡುವ ಪ್ರತಿ ಕಾಂಟ್ರಾಕ್ಟರೂ ‘ಸಮಾನತೆ ಮತ್ತು ವೈವಿಧ್ಯ’ ಎಂಬ ತರಬೇತಿಯಲ್ಲಿ ಎರಡು ಗಂಟೆ ಕೂರಬೇಕು, ಕೂತವರ ಪಾಸಿಗೆ ಹಸಿರು ಸ್ಟಿಕ್ಕರ್, ಇಲ್ಲದಿದ್ದರೆ ಪ್ರವೇಶವಿಲ್ಲ ಎಂದಿತ್ತು. ನಾನು, ಬಣ್ಣದ ಕಾಂಟ್ರಾಕ್ಟರ್, ಕರೆಂಟಿನ ಕಾಂಟ್ರಾಕ್ಟರ್ ಮೂವರೂ ಚಹಾದ ಗೂಡಂಗಡಿಯಲ್ಲಿ ಕೂತು ಆ ಕಾಗದವನ್ನು ಓದಿ ಉರಿದುಬಿದ್ದೆವು.

ಬಣ್ಣದವನು ರಾಯಚೂರಿನವನು. ಬಾಯಿ ಜೋರು. “ನಾವು ಎಲ್ಲಾರ್ನೂ ಒಂದ ಸಮ ಬೈತೀವಲ್ರಿ. ಇದಕ್ಕಿಂತ ಸಮಾನತೆ ಇನ್ನೇನು ಬೇಕಾಗೈತಿ ಇವ್ರಿಗೆ?” ಎಂದ. ಮೆಹದಿಪಟ್ಟಣದ ಕರೆಂಟಿನವನು ತನ್ನ ಬಳಿ ಹಿಂದೂ, ಮುಸಲ್ಮಾನ, ಬಿಹಾರಿ, ಒರಿಯಾ ಎಲ್ಲರೂ ಇದ್ದಾರೆ, ಯಾರೊಬ್ಬರೂ ಹೇಳಿದ ಹೊತ್ತಿಗೆ ಬರುವುದಿಲ್ಲ, ವೈವಿಧ್ಯ ಬೇಕಾದವರು ಬಂದು ನೋಡಿಕೊಂಡು ಹೋಗಲಿ ಎಂದ. ನಾನು ಇದೆಲ್ಲ ಎ.ಸಿ.ಯಲ್ಲಿ ಕೂತವರ ಶೋಕಿ ಎಂದೆ. ಮೂವರಿಗೂ ಬಹಳ ಸಮಾಧಾನವಾಯಿತು.

ಇಂಥದ್ದಕ್ಕೆಲ್ಲ ನಮ್ಮಲ್ಲಿ ಬದಲಿ ಕಳಿಸುವ ಪದ್ಧತಿ ಇತ್ತು. ಸುರಕ್ಷತೆಯ ಭಾಷಣವಿರಲಿ, ಆರೋಗ್ಯ ತಪಾಸಣೆಯಿರಲಿ, ಕೈ ಖಾಲಿ ಇದ್ದವನೊಬ್ಬನನ್ನು ಎಲ್ಲರ ಪರವಾಗಿ ಕಳಿಸುವುದು. ಹಿಂದೊಮ್ಮೆ ರಕ್ತ ಪರೀಕ್ಷೆಗೆ ಒಬ್ಬನೇ ಐದು ಸಲ ಕೈಚಾಚಿ ಬಂದಿದ್ದ. ನನ್ನ ಐದು ಆಳುಗಳ ಕಾರ್ಡಿನಲ್ಲೂ ಒಂದೇ ಗುಂಪಿನ ರಕ್ತ ಹರಿಯುತ್ತಿತ್ತು. ಆದ್ದರಿಂದ ಸಮಾನತೆಗೂ ಬದಲಿ ಸಾಕು ಎಂದು ತೀರ್ಮಾನವಾಯಿತು. ತರಬೇತಿಯ ದಿನ ಸಿಮೆಂಟು ಬಾರದೆ ಕೆಲಸ ನಿಂತಿತ್ತು. ಮೇಸ್ತ್ರಿಯ ಹೆಂಡತಿಗೆ ಹಿಂದಿ ಬರುತ್ತದೆ, ಐದನೆಯ ಇಯತ್ತೆ ಓದಿದ್ದಾಳೆ, ತೂಕಡಿಸುವುದಿಲ್ಲ. ನನ್ನ ಪರವಾಗಿ ಅವಳನ್ನೇ ಕಳಿಸಿದೆ. ಬಣ್ಣದವನು ತನ್ನ ಪರವಾಗಿಯೂ ಕೂರಲಿ ಎಂದ. ಕರೆಂಟಿನವನೂ ತನ್ನ ಪರವಾಗಿ ಅವಳನ್ನೇ ಮೂರನೆಯ ತಂಡದ ಜೊತೆ ಕೂರಿಸಿದ. ಅವಳು ಅದೇ ಪಾಠವನ್ನು ಒಂದೇ ದಿನ ಮೂರು ಸಲ ಕೇಳಿದಳು. ಮೂರನೆಯ ಸಲ ಕಂಡಾಗ ಪಾಠ ಹೇಳುವ ಹುಡುಗಿ ಎಂಥ ಆಸಕ್ತಿ ಎಂದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದಳಂತೆ.

“ಏನು ಹೇಳಿದರು?” ಎಂದು ಕೇಳಿದೆ.

“ಭಾಳ ಛಲೋ ಹೇಳಿದ್ರಿ. ಜಾತಿ ಕೇಳಬಾರದಂತ. ಹೆಣ್ಣು ಗಂಡು ಅನ್ನಬಾರದಂತ. ಕೆಲಸ ಯಾರಿಗಿ ಬರ್ತೈತೋ ಅವ್ರಿಗೆ ಕೊಡಬೇಕಂತ. ಬಿಸ್ಕೀಟೂ ಇದ್ವು.”

“ಯಾವ ಬಿಸ್ಕೀಟು?” ಎಂದು ನಾನು ಕೇಳಿದೆ. ಉಳಿದದ್ದು ನನ್ನ ಕಿವಿಯೊಳಗೆ ಹೋಗಲೇ ಇಲ್ಲ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಸೆಕ್ಯುರಿಟಿಯವನು ಮೂವರನ್ನೂ ತಡೆದ. ಪಾಸಿನಲ್ಲಿ ಹಸಿರು ಸ್ಟಿಕ್ಕರ್ ಇಲ್ಲ ಎಂದ. ನಮ್ಮ ಸಂಸ್ಥೆಗಳ ಪರವಾಗಿ ತರಬೇತಿ ಆಗಿದೆ, ನಿನ್ನ ಪಟ್ಟಿ ನೋಡು ಎಂದು ನಾನು ದಬಾಯಿಸಿದೆ. ಅವನು ಪಟ್ಟಿ ನೋಡಿ ಒಂದು ಹೆಣ್ಣಿನ ಹೆಸರು ಓದಿದ. ಮೂರೂ ಸಂಸ್ಥೆಗಳ ಮುಂದೆ ಅದೇ ಹೆಸರು. ನಿಮ್ಮ ಮೂರೂ ಸಂಸ್ಥೆಗಳಿಗೆ ಇವರೇ ಜವಾಬ್ದಾರಿಯ ವ್ಯಕ್ತಿ, ಇವರೊಬ್ಬರು ಒಳಗೆ ಹೋಗಬಹುದು ಎಂದ.

ಬದಲಿಯವಳು ನಮ್ಮ ಹೆಸರನ್ನೇ ಬರೆಸಿರುತ್ತಾಳೆ ಎಂದುಕೊಂಡಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಆ ಹೆಸರಿನವರು ನನ್ನ ಬಳಿ ಯಾರೂ ಇಲ್ಲ, ಇದು ನಿಮ್ಮ ಕಂಪ್ಯೂಟರಿನ ತಪ್ಪು, ನಾಲ್ಕು ವರ್ಷದಿಂದ ನನ್ನ ಆಳುಗಳ ಹಾಜರಿಯನ್ನು ನಾನೇ ಬರೆಯುತ್ತಿದ್ದೇನೆ ಎಂದು ಹಿಂದಿಯಲ್ಲಿ ಕೂಗಿದೆ. ಬಣ್ಣದವನೂ ಅಂಥವರನ್ನು ತಾನು ಕಂಡೇ ಇಲ್ಲ ಎಂದು ಆಣೆ ಮಾಡಿದ. ಹಿಂದೆ ಸಾಲಿನಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಅದು ನಾನ ರೀ, ಸಾವ್ಕಾರ್ರ.”

ಸೆಕ್ಯುರಿಟಿಯವನು ಅವಳ ಪಾಸಿಗೆ ಸ್ಟಿಕ್ಕರ್ ಅಂಟಿಸಿ, ಸಲಾಮು ಹೊಡೆದು ಒಳಗೆ ಬಿಟ್ಟ. ಕೂಲಿಯವರಿಗೆ ಸ್ಟಿಕ್ಕರ್ ಬೇಕಿರಲಿಲ್ಲವಾದ್ದರಿಂದ ಗಂಡ ಮತ್ತು ಏಳು ಜನ ಅವಳ ಹಿಂದೆಯೇ ನಡೆದರು. ಮೂವರು ಕಾಂಟ್ರಾಕ್ಟರುಗಳು ಬಿಸಿಲಿನಲ್ಲಿ ನಿಂತೆವು. ಮುಂದಿನ ತರಬೇತಿ ಮೂರು ದಿನದ ಮೇಲೆ ಎಂದು ಗೊತ್ತಾಯಿತು.

ಆ ಮೂರು ದಿನ ನಾನು ಗೇಟಿನ ಕಂಬಿಗಳ ಸಂದಿಯಿಂದ ನನ್ನದೇ ಕೆಲಸವನ್ನು ಇಣುಕಿ ನೋಡಿದೆ. ಅಲ್ಲಿಂದ ಕಟ್ಟಡದ ಮುಂಬಾಗಿಲ ಹಜಾರ ನೇರ ಕಾಣುತ್ತಿತ್ತು. ಮೇಸ್ತ್ರಿ ನೀರಿನ ಡ್ರಮ್ಮಿನ ಪಕ್ಕ ಕೂತು ಕೆಮ್ಮುತ್ತಿದ್ದ. ಸಾಲು ನೇರ ಬರಲೆಂದು ದಾರ ಕಟ್ಟುವವಳು ಅವಳು, ರಸಮಟ್ಟ ಇಟ್ಟು ಮಟ್ಟ ನೋಡುವವಳು ಅವಳು, ವಾರೆಯಾದ ಕಲ್ಲನ್ನು ಕಿತ್ತು ಮತ್ತೆ ಕೂರಿಸು ಎನ್ನುವವಳೂ ಅವಳು. ನಾನು ಫೋನು ಮಾಡಿ ಹಾಗೆ ಮಾಡಿ ಹೀಗೆ ಮಾಡಿ ಎಂದು ಕೂಗಿದರೆ ಗ್ಯಾಂಗಿನವರು ಹೂಂ ಎಂದು ಫೋನು ಇಟ್ಟು ಅವಳ ಮುಖ ನೋಡುತ್ತಿದ್ದರು. ನಾನಿಲ್ಲದೆ ಕೆಲಸ ಬೇಗ ಸಾಗುತ್ತಿತ್ತು. ಇದನ್ನು ನಾನು ಚಹಾ ಕುಡಿಯುವಾಗ ಯಾರಿಗೂ ಹೇಳಲಿಲ್ಲ.

ಕೊನೆಗೆ ನಾವೂ ತರಬೇತಿಗೆ ಕೂತೆವು. ಕೆಲಸದ ಜಾಗದಲ್ಲಿ ನೀವು ಕಂಡ ಅಸಮಾನತೆಗೆ ಒಂದು ಉದಾಹರಣೆ ಕೊಡಿ ಎಂದು ಪಾಠದ ಹುಡುಗಿ ಕೇಳಿದಳು. ಬಣ್ಣದವನು ಎದ್ದು ನಿಂತು, ಕೂಲಿಯವರನ್ನು ಒಳಗೆ ಬಿಟ್ಟು ತನ್ನಂಥ ಮರ್ಯಾದಸ್ಥನನ್ನು ಮೂರು ದಿನ ಹೊರಗೆ ನಿಲ್ಲಿಸಿದ್ದೇ ದೊಡ್ಡ ಅಸಮಾನತೆ ಎಂದ. ಅವಳು ಅದನ್ನು ಬೋರ್ಡಿನ ಮೇಲೆ ಬರೆದುಕೊಂಡಳು, ಪಾಪ. ಕೊನೆಯ ಪರೀಕ್ಷೆಯಲ್ಲಿ ಹತ್ತು ಪ್ರಶ್ನೆ. ‘ಮೇಲಿನ ಎಲ್ಲವೂ’ ಎಂಬುದಕ್ಕೆ ಗುರುತು ಹಾಕುತ್ತ ಹೋದರೆ ಸಾಕು ಎಂದು ಕರೆಂಟಿನವನು ಮೂರನೆಯ ಪ್ರಶ್ನೆಯ ಹೊತ್ತಿಗೇ ಕಂಡುಹಿಡಿದಿದ್ದ. ಮೂವರಿಗೂ ಹತ್ತಕ್ಕೆ ಹತ್ತು. ಜೀವನದಲ್ಲಿ ಮೊದಲ ಸಲ ಪರೀಕ್ಷೆಯೊಂದರಲ್ಲಿ ಪೂರ್ತಿ ಅಂಕ ಬಂದಿತ್ತು, ಮನೆಗೆ ಫೋನು ಮಾಡಿ ಹೇಳಿದೆ.

ಎದೆಯುಬ್ಬಿಸಿಕೊಂಡು ಒಳಗೆ ಹೋದರೆ ಹಜಾರ ಮುಗಿದಿತ್ತು. ಮಟ್ಟ ಸರಿಯಿದೆಯೇ ಎಂದು ನೀರು ಸುರಿದು ನೋಡಿದೆ. ಎಲ್ಲೂ ನಿಲ್ಲಲಿಲ್ಲ. ಅವಳು ಕೈ ತೊಳೆದುಕೊಂಡು ಬಂದಳು.

“ಈಗ ನೀವೂ ಕಲ್ತು ಬಂದ್ರಿ. ನನ್ನ ಹೆಸರ್ಲೆ ಬರಕೋತೀರಿಲ್ರಿ?”

“ಮುಂದಿನ ಸೈಟಿಗೆ ನೋಡೋಣ ತಂಗಿ. ನಾನೇನೋ ಬರೀತೀನಿ, ಗಂಡಸರು ಒಪ್ಪಬೇಕಲ್ಲ.”

“ಕೇಳೀರೇನ್ರಿ ಅವ್ರನ್ನ?”

ಕೇಳಿರಲಿಲ್ಲ. ಅವಳ ಎದುರೇ ಕೂಗಿ ಕೇಳಿದೆ. ಗ್ಯಾಂಗಿನಲ್ಲೇ ಹಿರಿಯನಾದವನು ತಲೆ ಎತ್ತಿ ನನ್ನನ್ನು ವಿಚಿತ್ರವಾಗಿ ನೋಡಿದ.

“ಒಪ್ಪೂದೇನೈತ್ರಿ? ನಾವು ಅಕಿ ದಾರ ನೋಡೇ ಕಲ್ಲು ಇಡಾಕತ್ತೀವಿ. ನಮಗ ಮದ್ಲಿಂದ್ಲೂ ಅಕೀನೇ ಮೇಸ್ತ್ರಿ.”

ಏಳು ಜನರಿಗೆ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ಆಗಲಾದರೂ ಪುಸ್ತಕ ತೆಗೆದು ಬರೆದಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಸೋತಂತಾಗುತ್ತದೆ ಎಂದು ನನ್ನ ಸೊಕ್ಕು ಬಿಡಲಿಲ್ಲ. “ಆಯ್ತು, ಮುಂದಿನ ಸೈಟಿಗೆ” ಎಂದು ಫೋನು ಕಿವಿಗಿಟ್ಟುಕೊಂಡು ಹೊರಟೆ. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ.

ವಾರದ ಮೇಲೆ ಕೆಲಸ ಮುಗಿಯಿತು. ಮೇಸ್ತ್ರಿ ಯಾದಗಿರಿಯ ಬಸ್ಸು ಹತ್ತಿದ. ಅವಳು ಮಾತ್ರ ನನ್ನ ಹತ್ತಿರ ಬಂದು, ನಾಳೆಯಿಂದ ತಾವ್ಯಾರೂ ಬರುವುದಿಲ್ಲ ಎಂದಳು.

“ನಾರಾಯಣಗೂಡದಾಗ ಕೋಚಿಂಗ್ ಸೆಂಟರ್ ಕಟ್ಟಾಕತ್ತಾರ್ರಿ. ಅಲ್ಲಿ ಸೇಟು ನನ್ನ ಹೆಸರ್ಲೆ ಮೇಸ್ತ್ರಿ ಅಂತ ಬರಕೊಂಡಾನ. ಇವ್ರು ಏಳೂ ಮಂದಿ ನನ್ನ ಜೋಡಿ ಬರಾಕತ್ತಾರ.”

ಆ ಸೇಟು ನನಗೆ ಗೊತ್ತಿದ್ದವನೇ. ಒರಟ, ಬಾಯಿ ತೆಗೆದರೆ ಬೈಗುಳ. “ಅವನಿಗೂ ಈ ಟ್ರೇನಿಂಗ್ ಆಗಿದೆಯೇನು?” ಎಂದು ಕೇಳಿದೆ. ಇಂದಿಗೂ ಆ ಪ್ರಶ್ನೆ ನೆನಪಾದರೆ ನಾಚಿಕೆಯಾಗುತ್ತದೆ.

“ಇಲ್ರಿ,” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. “ಅಂವಗ ಒಬ್ಬ ಮೇಸ್ತ್ರಿ ಬೇಕಾಗಿತ್ತು, ಅಷ್ಟ.”