ಕೇಳದೆ ಬಡಿಸಿದ ತುಪ್ಪ

ನಮ್ಮ ಮನೆಯ ತುಪ್ಪದ ಡಬ್ಬಿಯಲ್ಲಿರುವ ಚಮಚ ಎಂದೋ ಒಂದು ಕೆಮ್ಮಿನ ಔಷಧದ ಜೊತೆ ಬಂದದ್ದು. ಬಿಳಿ ಪ್ಲಾಸ್ಟಿಕ್ಕಿನದು, ಹಿಡಿಕೆಯ ತುದಿ ಬಿಸಿ ತಗುಲಿ ಸ್ವಲ್ಪ ಬಾಗಿದೆ. ಅದರಲ್ಲಿ ಹಿಡಿಯುವಷ್ಟು ತುಪ್ಪವನ್ನು ಬಿಸಿ ರೊಟ್ಟಿಯ ಮೇಲೆ ಬಿಟ್ಟರೆ ಹಳೆಯ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡಿ ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲಿ ದುಡ್ಡಿಗೆ ತೊಂದರೆ ಇಲ್ಲದ ವರ್ಷಗಳಲ್ಲೂ ಅವ್ವ ಆ ಚಮಚವನ್ನೇ ಬಳಸುತ್ತಿದ್ದಳು. ಬಡಿಸುವ ಮೊದಲು ಕೇಳುತ್ತಿದ್ದಳು: "ತುಪ್ಪ ಬೇಕೇನು?" ಬೇಡ ಅನ್ನುವುದೇ ಒಳ್ಳೆಯದು ಎಂದು ಆ ಧ್ವನಿಯಲ್ಲೇ ತಿಳಿಯುತ್ತಿತ್ತು.

ಅಪ್ಪನಿಗೆ ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಹೋದ ವರ್ಷ ಅವನ ವಿಭಾಗದಲ್ಲಿ ರಾತ್ರಿ ಪಾಳಿ ನಿಲ್ಲಿಸಿದರು. ಮೂಲ ಸಂಬಳ ಉಳಿಯಿತು. ಓವರ್‌ಟೈಮ್ ಮತ್ತು ರಾತ್ರಿ ಪಾಳಿಯ ಭತ್ಯೆ ಹೋದವು. ನಮ್ಮ ಮನೆ ನಡೆಯುತ್ತಿದ್ದದ್ದು ಆ ಎರಡರ ಮೇಲೆಯೇ ಎಂಬುದು ಅವು ಹೋದ ಮೇಲೆ ಗೊತ್ತಾಯಿತು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೊಂಡಾಪುರದ ಒಂದು ಆಫೀಸಿಗೆ ಸೇರಿ ಆಗಿನ್ನೂ ಕೆಲವು ತಿಂಗಳು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೂ ಅವ್ವ ಮನೆಖರ್ಚನ್ನು ನನ್ನ ಕೈಗೆ ಕೊಟ್ಟಳು. "ಲೆಕ್ಕದಾಗ ಓದೀದಿ. ನೀನಾ ನೋಡ್ಕೋ ಇನ್ನ" ಅಂದಳು. ಇಷ್ಟು ವರ್ಷ ಓದಿಸಿದ್ದಕ್ಕೆ ಇದಾದರೂ ಉಪಯೋಗವಾಗಲಿ ಎಂಬ ಅರ್ಥವೂ ಅದರಲ್ಲಿತ್ತು.

ನಾವಿರುವುದು ಲಿಂಗಂಪಲ್ಲಿಯ ಹತ್ತಿರ, ಎರಡು ಕೋಣೆಯ ಬಾಡಿಗೆ ಪೋರ್ಷನ್‌ನಲ್ಲಿ. ಮೊದಲು ಬಿಟ್ಟದ್ದು ಶೇರ್ ಆಟೋ. ತೆಲಂಗಾಣದ ವಿಳಾಸವಿರುವ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ನನಗೆ ಜೀರೋ ಟಿಕೆಟ್ ಸಿಗುತ್ತದೆ. ಸ್ವಲ್ಪ ಬೇಗ ಎದ್ದರೆ ಆಯಿತು. ಅವ್ವನ ಆಧಾರ್ ಕಾರ್ಡಿನಲ್ಲಿ ಮಾತ್ರ ಇನ್ನೂ ರಾಯಚೂರು ಜಿಲ್ಲೆಯ ವಿಳಾಸವಿದೆ. ಅವಳು ಇಲ್ಲಿ ದುಡ್ಡು ಕೊಟ್ಟೇ ಬಸ್ಸು ಹತ್ತಬೇಕು. ವಿಳಾಸ ಬದಲಿಸೋಣ ಎಂದರೆ ಒಪ್ಪುವುದಿಲ್ಲ, ಊರಿಗೆ ಹೋದಾಗ ಅಲ್ಲಿಯ ಬಸ್ಸು ಪುಕ್ಕಟೆ ಇರಲಿ ಅನ್ನುತ್ತಾಳೆ. ಊರಿಗೆ ಹೋಗುವುದು ವರ್ಷಕ್ಕೊಮ್ಮೆ. ಹಾಗಾಗಿ ಸಂತೆಯ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಎಣ್ಣೆಯನ್ನು ಕ್ಯಾನಿನ ಬದಲು ಪಾಕೀಟಿನಲ್ಲಿ ತರತೊಡಗಿದೆ. ಎರಡು ಗ್ಯಾಸ್ ಸಿಲಿಂಡರುಗಳಲ್ಲಿ ಒಂದನ್ನು ತುಂಬಿಸದೆ ಖಾಲಿ ಇಟ್ಟೆ. ಮೂರನೆಯ ತಿಂಗಳಿಗೆ ಖರ್ಚು ಸಂಬಳದೊಳಗೆ ಬಂದು ಕೂತಾಗ, ಬಿಗಿಯಾದ ಚಪ್ಪಲಿ ಬಿಚ್ಚಿಟ್ಟಷ್ಟು ಹಗುರವೆನಿಸಿತು. ಯಾರಿಗೂ ಹೇಳಲಿಲ್ಲ.

ಒಂದು ಮೊತ್ತವನ್ನು ಮಾತ್ರ ನಾನು ಬೇರೆ ಖಾತೆಯಲ್ಲಿ ಇಡುತ್ತಿದ್ದೆ. ಅದು ಅಪ್ಪ ಅವ್ವನ ಆರೋಗ್ಯ ವಿಮೆಯ ಕಂತು. ಅಪ್ಪನಿಗೆ ಬಿಪಿ ಇದೆ. ಮೊದಲಿನಿಂದ ಇರುವ ಕಾಯಿಲೆಗೆ ವಿಮೆ ಸಿಗಬೇಕಾದರೆ ಕೆಲವು ವರ್ಷ ಕಾಯಬೇಕು. ಆ ಕಾಯುವಿಕೆ ಮುಗಿಯುತ್ತ ಬಂದಿತ್ತು. ಈ ಸಲ ಕಂತು ತಪ್ಪಿದರೆ ಮೊದಲಿನಿಂದ ಶುರು. ಆಸ್ಪತ್ರೆಯ ಬಿಲ್ಲು ಎಂದರೇನು ಎಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ಊರ ಕಡೆಯಿಂದ ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವ ನಂಟರೆಲ್ಲ ಇಳಿಯುತ್ತಿದ್ದದ್ದು ನಮ್ಮ ಮನೆಯಲ್ಲೇ. ಚಿಕ್ಕವಳಿದ್ದಾಗ ನಮ್ಮ ಕಪಾಟಿನ ಮೇಲೆ ಯಾವಾಗಲೂ ಯಾರದೋ ಎಕ್ಸ್‌ರೇ ಇರುತ್ತಿತ್ತು.

ಹಾಗೆಯೇ ಮಾಮಾ ಫೋನ್ ಮಾಡಿದರು. ಅವರು ಅವ್ವನ ಅಣ್ಣ. ಕಣ್ಣಿನ ಹಿಂದಿನ ಪರದೆ ಹರಿದಿದೆ, ಇಲ್ಲಿಯೇ ಆಪರೇಷನ್ ಮಾಡಿಸಬೇಕು, ಆಮೇಲೆ ಕೆಲವು ವಾರ ತೋರಿಸುತ್ತಿರಬೇಕು, ಆಸ್ಪತ್ರೆಯ ಹತ್ತಿರ ಲಾಡ್ಜ್ ನೋಡುತ್ತೇವೆ ಎಂದರು.

"ಲಾಡ್ಜ್ ಯಾಕಣ್ಣ? ನಾವೇನು ಊರು ಬಿಟ್ಟು ಹೋಗೀವೇನು?" ಅಂದಳು ಅವ್ವ. ನನ್ನ ಕಡೆ ನೋಡಲಿಲ್ಲ.

ರಾತ್ರಿ ಪಾಳಿ ನಿಂತ ವಿಷಯವನ್ನು ಅವಳು ತವರಿಗೆ ತಿಳಿಸಿರಲಿಲ್ಲ. ತಿಳಿಸುವುದೂ ಬೇಡ ಎಂದು ಅಪ್ಪನಿಗೂ ನನಗೂ ಹೇಳಿದಳು. ಮನೆಯ ವಿಷಯ ಮನೆಯಲ್ಲಿರುವುದು ನನಗೂ ಇಷ್ಟ.

ಮಾಮಾ ಮತ್ತು ಅತ್ತೆ ಬಂದಾಗ ಜೊತೆಗೆ ಜೋಳದ ಹಿಟ್ಟಿನ ಚೀಲ, ತೊಗರಿಬೇಳೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ, ಇದ್ದವು. ಅವ್ವ ಎಲ್ಲವನ್ನೂ ಮಂಚದ ಕೆಳಗೆ ನೂಕಿದಳು. ಇಲ್ಲಿ ಎಲ್ಲಾ ಇದೆ, ಇಷ್ಟು ದೂರ ಯಾಕೆ ಹೊತ್ತುಕೊಂಡು ಬಂದಿರಿ ಎಂದು ಗದರಿದಳು. ಹೋಗುವಾಗ ಹಾಗೇ ಕಟ್ಟಿ ಕಳಿಸೋಣ ಎಂದು ಅಡುಗೆಮನೆಯಲ್ಲಿ ನನಗೆ ಪಿಸುಗುಟ್ಟಿದಳು. ಅಪ್ಪ ಸಂಜೆಗೇ ಮನೆಗೆ ಬಂದದ್ದನ್ನು ನೋಡಿ ಅತ್ತೆ ಕಾರಣ ಕೇಳಿದರು. ಪ್ರಮೋಷನ್ ಆಗಿದೆ, ಈಗ ಅವರಿಗೆ ರಾತ್ರಿ ಪಾಳಿ ಇಲ್ಲ ಎಂದಳು ಅವ್ವ. ಅಪ್ಪ ಕೆಮ್ಮಿ, ಕೈಕಾಲು ತೊಳೆಯಲು ಹೋದ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಡಾಕ್ಟರು ವಿಚಿತ್ರವಾದ ಒಂದು ಪಥ್ಯ ಹೇಳಿದ್ದರು. ಪರದೆ ಅಂಟಿಕೊಳ್ಳಲೆಂದು ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರೆ, ಅದು ಸರಿಯಾದ ಜಾಗದಲ್ಲಿ ಒತ್ತಿ ನಿಲ್ಲಬೇಕಾದರೆ ಹಗಲೂ ರಾತ್ರಿ ತಲೆ ತಗ್ಗಿಸಿಯೇ ಇರಬೇಕು. ಕೂತಾಗ, ನಡೆಯುವಾಗ, ಉಣ್ಣುವಾಗ ಕೂಡ. ಊರಿನಲ್ಲಿ ಎದೆ ಸೆಟೆಸಿ ನಡೆಯುವ ಮಾಮಾ ನಮ್ಮ ಹಾಲ್‌ನಲ್ಲಿ ಮೇಜಿನ ಮೇಲಿನ ದಿಂಬಿಗೆ ಹಣೆ ಒತ್ತಿ ಕೂತರು. ಅವರ ಜೊತೆ ಮಾತಾಡುವುದೆಂದರೆ ನೆತ್ತಿಯ ಜೊತೆ ಮಾತಾಡಿದಂತೆ. ಬಂದವರನ್ನು ಪಾದ ನೋಡಿ ಗುರುತು ಹಿಡಿಯುತ್ತಿದ್ದರು.

ಅವ್ವನ ಅಡುಗೆ ಶುರುವಾಯಿತು. ಬೆಳಿಗ್ಗೆ ಪೂರಿ, ಮಧ್ಯಾಹ್ನ ಅನ್ನದ ಜೊತೆ ಎರಡು ಪಲ್ಯ, ದಿನ ಬಿಟ್ಟು ದಿನ ಒಂದು ಸಿಹಿ. ಎಣ್ಣೆಯ ಕ್ಯಾನು ವಾಪಸು ಬಂತು. ಔಷಧದ ಚಮಚ ಎಲ್ಲೋ ಡ್ರಾಯರಿನೊಳಗೆ ಸೇರಿ, ತುಪ್ಪದ ಡಬ್ಬಿಗೆ ಮೊಸರು ಬಡಿಸುವ ಸ್ಟೀಲಿನ ದೊಡ್ಡ ಚಮಚ ಬಂತು. ಕೇಳುವುದಿರಲಿ, ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಸುರಿಯುತ್ತಿದ್ದಳು. ಮೊದಲ ವಾರವೇ ವಿಮೆಯ ಹಣದಲ್ಲಿ ಸ್ವಲ್ಪ ಕೊಡು ಅಂದಳು. ಕೊಟ್ಟೆ. ಇನ್ನೊಮ್ಮೆ ಕೇಳಿದಳು. ಅದನ್ನೂ ಕೊಟ್ಟು, ಇನ್ನು ಮುಟ್ಟಿದರೆ ಕಂತು ತುಂಬುವುದಾಗುವುದಿಲ್ಲ, ಗಡುವು ಹತ್ತಿರ ಬಂತು ಎಂದು ಹೇಳಿದೆ.

"ಅಣ್ಣ ಹೊರಗ ತಲಿ ತಗ್ಗಿಸಿ ಕುಂತಾನ" ಅಂದಳು. "ಅವನ ಮುಂದ ನಾನೂ ತಗ್ಗಿಸಬೇಕೇನು?"

ಬಸ್ಸಿನಲ್ಲಿ ಹೋಗುವಾಗ ಬರುವಾಗ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ಅವ್ವನ ಮಾನ ಒಂದು ಕಡೆ, ಅಪ್ಪನ ಬಿಪಿ ಒಂದು ಕಡೆ. ಎರಡಕ್ಕೂ ಸಾಲುವಷ್ಟು ಇರಲಿಲ್ಲ.

ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ಒಲೆಯ ಉರಿ ಸಣ್ಣದಾಗಿ, ಒಮ್ಮೆ ನಡುಗಿ ಆರಿತು. ಅವ್ವ ಸಿಲಿಂಡರನ್ನು ಅಲ್ಲಾಡಿಸಿದಳು. ಮಲಗಿಸಿ ನೋಡಿದಳು. ಹಂಚಿನ ಮೇಲೆ ಅರ್ಧ ಬೆಂದ ರೊಟ್ಟಿ, ಪರಾತದಲ್ಲಿ ನಾದಿದ ಹಿಟ್ಟು ಹಾಗೇ ಇತ್ತು. ಮೂಲೆಯಲ್ಲಿದ್ದ ಎರಡನೆಯ ಸಿಲಿಂಡರು ಖಾಲಿ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವ್ವ ನನ್ನ ಮುಖ ನೋಡಿದಳು. ಸಂಬಳದಲ್ಲಿ ಉಳಿದದ್ದು ದಿನಸಿಗೆ ಬೇಕಿತ್ತು, ಬೇರೆ ಹಣ ಇದ್ದದ್ದು ವಿಮೆಯ ಖಾತೆಯಲ್ಲಷ್ಟೇ. ನಾನು ಗ್ಯಾಸ್ ಬುಕ್ ಮಾಡಲು ಫೋನು ತೆಗೆದುಕೊಂಡೆ.

ರೊಟ್ಟಿ ಬಡಿಯುವ ಸದ್ದು ನಿಂತದ್ದು ಹಾಲ್‌ಗೂ ಕೇಳಿತ್ತು. ಏನಾಯಿತು ಎಂದು ಮಾಮಾ ಕೇಳಿದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಏನಿಲ್ಲ, ಗ್ಯಾಸ್ ಬುಕ್ ಮಾಡಿದ್ದೇವೆ, ಇವತ್ತೇ ಬರಬೇಕಿತ್ತು ಎಂದಳು.

"ತಂಗೀ, ಬಾ ಇಲ್ಲಿ. ಕೂಡು."

ಅವ್ವ ಹೋಗಿ ಅವರೆದುರು ನೆಲದ ಮೇಲೆ ಕೂತಳು. ಮಾಮಾ ಹಣೆ ಎತ್ತಲಿಲ್ಲ, ಎತ್ತುವಂತಿರಲಿಲ್ಲ.

"ನಂಗೀಗ ಯಾರ ಮಕಾನೂ ಕಾಣಂಗಿಲ್ಲ. ಉಣ್ಣು ತಾಟ ಒಂದ ಕಾಣತೈತಿ. ಆಪರೇಷನ್ ಆದಾಗಿಂದ ಅದನ್ನ ನೋಡಾಕತ್ತೀನಿ. ನೀ ಹುಟ್ಟಿದಾಗಿಂದ ನಿನ್ನ ಬಲ್ಲೆ. ಕೇಳದ ತುಪ್ಪ ಹಾಕಿದಾಕಿ ಅಲ್ಲ ನೀ. ಈಗ ನೋಡಿದ್ರ ರೊಟ್ಟಿ ತುಪ್ಪದಾಗ ಈಸಾಡಾಕತ್ತಾವ. ಏನಾಗೇತಿ, ಹೇಳು."

ಅವ್ವ ಬೆರಳಿಗಂಟಿದ್ದ ಹಿಟ್ಟನ್ನು ಒಂದೊಂದಾಗಿ ಉಜ್ಜಿ ತೆಗೆಯುತ್ತಿದ್ದಳು. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ಆದರೆ ಕೇಳಿದವರು ಅವಳ ಮುಖವನ್ನು ನೋಡುವಂತಿರಲಿಲ್ಲ. ಅವಳು ಅಳುತ್ತಿದ್ದಾಳೋ ಇಲ್ಲವೋ ಅವರಿಗೆ ತಿಳಿಯುವಂತಿರಲಿಲ್ಲ. ಅದರಿಂದ ಅವಳಿಗೆ ಅಲ್ಲಿ ಕೂತಿರಲು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ.

ಕೊನೆಗೆ ಮಾತಾಡಿದ್ದು, ಬಾಗಿಲ ಬಳಿ ನಿಂತಿದ್ದ ಅಪ್ಪ. "ರಾತ್ರಿ ಪಾಳಿ ನಿಂತೈತ್ರಿ. ಪ್ರಮೋಷನ್ ಅಲ್ಲ."

"ಗೊತ್ತೈತ್ರಿ" ಅಂದರು ಅತ್ತೆ. "ಪ್ರಮೋಷನ್ ಆದವರ ಮಕಾ ಹಂಗಿರತೈತೇನು?"

ಅಪ್ಪನೇ ಮೊದಲು ನಕ್ಕ. ಅವನು ನಕ್ಕದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತೋ. ಆಮೇಲೆ ಅವ್ವ ಎಲ್ಲವನ್ನೂ ತಾನೇ ಹೇಳಿದಳು. ಓವರ್‌ಟೈಮು, ಖಾಲಿ ಸಿಲಿಂಡರು, ವಿಮೆಯ ಕಂತಿನಿಂದ ತೆಗೆದದ್ದು. ನಾನು ಯಾರಿಗೂ ಹೇಳಬಾರದೆಂದು ಇಟ್ಟುಕೊಂಡಿದ್ದ ಲೆಕ್ಕವೆಲ್ಲ ಹಾಲ್‌ನ ನಡುವೆ ಬಂದು ಬಿತ್ತು. ನನಗೆ ನಾಚಿಕೆಯಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಬೆನ್ನು ತಾನಾಗಿ ಗೋಡೆಗೆ ಒರಗಿತು.

ಅತ್ತೆ ಮಂಚದ ಕೆಳಗಿನಿಂದ ಚೀಲವನ್ನು ದರದರ ಎಳೆದರು. "ಇದನ್ನೇನು ಪೂಜಾ ಮಾಡಾಕ ತಂದಿದ್ವೇನು? ಹೊತಗೊಂಡು ಬಂದು ನನ್ನ ಸೊಂಟ ಹೋತು" ಅಂದರು. ಹಿಟ್ಟು, ಬೇಳೆ, ಹಿಂಡಿ ಎಲ್ಲವನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ನಾದಿದ ಹಿಟ್ಟಿನ ಪರಾತ ಎತ್ತಿಕೊಂಡು ಪಕ್ಕದ ಪೋರ್ಷನ್ನಿಗೆ ಹೊರಟರು. ಪಕ್ಕದಾಕೆಗೆ ಕನ್ನಡ ಬಾರದು, ಅತ್ತೆಗೆ ತೆಲುಗು ಬಾರದು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಗ್ಯಾಸಿನ ದುಡ್ಡನ್ನು ತಾನೇ ಕೊಡುತ್ತೇನೆಂದು ಮಾಮಾ ಅಂದಾಗ ಅವ್ವ ಖಡಾಖಂಡಿತವಾಗಿ ಬೇಡವೆಂದಳು. ಬಂದವರ ಕೈಯಿಂದ ಒಲೆ ಹೊತ್ತಿಸಿಕೊಳ್ಳುವ ಮನೆ ನಮ್ಮದಲ್ಲ ಎಂದಳು. ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಅಣ್ಣಂದಿರು ತಂಗಿಯರಿಗೆ ಸೀರೆ ಕೊಡುತ್ತಾರೆ. ಕಣ್ಣಿನ ಗಡಿಬಿಡಿಯಲ್ಲಿ ಆ ವರ್ಷದ್ದು ಬಂದಿರಲಿಲ್ಲ.

"ಪಂಚಮಿ ಸೀರಿ ಕೊಡೋದು ಉಳದೈತಲ್ಲ" ಅಂದರು ಮಾಮಾ ನೆಲ ನೋಡುತ್ತ. "ಈ ಸಿಲಿಂಡರನ್ನ ಆ ಸೀರಿ ಅಂತ ತಿಳ್ಕೊ. ಬಣ್ಣಾನೂ ಕೆಂಪ ಐತಿ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ, ನಾನು ಕೆದಕಲಿಲ್ಲ. ಮತ್ತೆ ಬೇಡ ಅನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ದಿನಸಿಗೆಂದು ಇಟ್ಟಿದ್ದ ದುಡ್ಡನ್ನು ಇನ್ನು ಹಿಟ್ಟಿಗೂ ಬೇಳೆಗೂ ಹಾಕಬೇಕಾಗಿರಲಿಲ್ಲ. ಅದನ್ನು ಆ ಖಾತೆಗೆ ಸೇರಿಸಿದಾಗ ತೆಗೆದದ್ದು ತುಂಬಿತು. ಫೋನಿನಲ್ಲೇ ವಿಮೆಯ ಕಂತು ಕಟ್ಟಿ, ರಸೀದಿ ಬರುವವರೆಗೆ ನೋಡುತ್ತ ಕೂತೆ. ಬಂತು. ಸಿಲಿಂಡರು ಇನ್ನೂ ಬಂದಿರಲಿಲ್ಲವಾದ್ದರಿಂದ ಅಪ್ಪ ಮೂಲೆಯ ಹೋಟೆಲಿನಿಂದ ಥರ್ಮಾಸಿನಲ್ಲಿ ಚಹಾ ತಂದ. ಡ್ರಾಯರಿನಲ್ಲಿ ಹುಡುಕಿ ಔಷಧದ ಚಮಚ ತೆಗೆದು, ತೊಳೆದು ಒರೆಸಿ ತುಪ್ಪದ ಡಬ್ಬಿಯಲ್ಲಿಟ್ಟೆ. ಆಮೇಲೆ ರಾತ್ರಿಯ ತಂಗಳು ರೊಟ್ಟಿ, ಶೇಂಗಾ ಹಿಂಡಿ ಹಾಕಿ ಮಾಮಾನ ಮುಂದೆ ತಾಟಿಟ್ಟು ಕೇಳಿದೆ.

"ತುಪ್ಪ ಬೇಕೇನ್ರಿ ಮಾಮಾ?"

ಬಗ್ಗಿದ ತಲೆ ಹಾಗೇ ಸ್ವಲ್ಪ ಹೊರಳಿ ನನ್ನ ಕೈಯಲ್ಲಿದ್ದದ್ದನ್ನು ನೋಡಿತು.

"ಆ ಸಣ್ಣ ಚಮಚ ಬಂತೇನು? ಹಂಗಾದ್ರ ಹಾಕು."

ಒಂದು ಚಮಚ ಹಾಕಿ ಡಬ್ಬಿಯ ಮುಚ್ಚಳ ಮುಚ್ಚಿ, ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೊರಟೆ.