ಎದುರು ಕೂಗುವವನು

ನನಗೆ ಒಂದು ಶಿಲ್ಪ ಇಷ್ಟವಾಗಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು ಸುಲಭ. ಇಷ್ಟವಾಗಿದ್ದರೆ ನಾನು ಅದರ ಹತ್ತಿರ ಸುಳಿಯುವುದಿಲ್ಲ. ಹರಾಜಿಗೆ ಮುಂಚೆ ಮಾಲನ್ನೆಲ್ಲ ಹೋಟೆಲಿನ ಹಾಲೊಂದರಲ್ಲಿ ಜೋಡಿಸಿ, ಬೇಕಾದವರು ಬಂದು ನೋಡಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ನಾನು ಹೋಗಿ, ನನಗೆ ಏನೇನೂ ಬೇಡವಾದ ಒಂದು ಕುದುರೆಯ ಮುಂದೆ ನಿಂತು, ತಲೆ ಓರೆ ಮಾಡಿ, ಕನ್ನಡಕ ತೆಗೆದು ಮತ್ತೆ ಹಾಕಿ, ಮೊಬೈಲಿನಲ್ಲಿ ಸುತ್ತಲಿಂದಲೂ ಫೋಟೋ ಹೊಡೆದುಕೊಂಡು, ನಿಜವಾಗಿ ಬೇಕಾಗಿದ್ದರ ಪಕ್ಕದಿಂದ ಮಾತ್ರ ದೇವಸ್ಥಾನದ ಹೊರಗೆ ಚಪ್ಪಲಿ ಹುಡುಕುವವನ ಹಾಗೆ ಹಾದುಹೋಗುತ್ತೇನೆ. ಈ ವಿದ್ಯೆ ನನಗೆ ಅಮ್ಮನಿಂದ ಬಂದದ್ದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ ತೆಗೆಯುವಾಗ ಅವಳು ಮನಸ್ಸಿಗೆ ಹಿಡಿಸಿದ ಸೀರೆಯನ್ನೇ ಎಲ್ಲಕ್ಕಿಂತ ಮೊದಲು ಪಕ್ಕಕ್ಕೆ ತಳ್ಳಿ ಮುಖ ಸಿಂಡರಿಸುತ್ತಿದ್ದಳು. ಅಂಗಡಿಯವನಿಗೂ ಇದು ಗೊತ್ತಿತ್ತು. ಅವಳು ತಳ್ಳಿದ ಸೀರೆಗೇ ಅವನು ಹೆಚ್ಚು ಬೆಲೆ ಹೇಳುತ್ತಿದ್ದ.

ಯೋಚಿಸಿ ನೋಡಿ, ಉಳಿದ ಸುಖಗಳೆಲ್ಲ ಜೊತೆ ಬೇಡುತ್ತವೆ. ಒಳ್ಳೆಯ ಮಸಾಲೆ ದೋಸೆ ತಿಂದರೆ ಇನ್ನೊಬ್ಬನನ್ನು ಎಳೆದುಕೊಂಡು ಹೋಗಿ ತಿನ್ನಿಸುವವರೆಗೆ ನೆಮ್ಮದಿಯಿಲ್ಲ. ಸಂಗೀತ ಕಚೇರಿಯಲ್ಲಿ ಪಕ್ಕದ ಕುರ್ಚಿಯವನೂ ತಲೆದೂಗಿದರೆ ನಮ್ಮ ತಲೆ ಇನ್ನಷ್ಟು ತೂಗುತ್ತದೆ. ಹರಾಜಿನಲ್ಲಿ ಮಾತ್ರ ನಾನು ಮೆಚ್ಚಿದ್ದನ್ನು ಮೆಚ್ಚಿದವನು ನನ್ನ ಶತ್ರು. ಈ ಊರಿನಲ್ಲಿ ನನ್ನ ಹಾಗೆ ಕಣ್ಣಿರುವವನು ಇನ್ನೊಬ್ಬ ಇರಬಾರದು, ಇದ್ದರೆ ಅವನಿಗೆ ಅವತ್ತು ಜ್ವರ ಬಂದಿರಬೇಕು ಎಂದು ಬಯಸುವ ಹವ್ಯಾಸ ಇದು. ಇಂಥದ್ದು ಮನುಷ್ಯನ ಸ್ವಭಾವಕ್ಕೆ ಒಳ್ಳೆಯದಲ್ಲ. ನನ್ನ ಸ್ವಭಾವ ಮೊದಲೇ ಅಷ್ಟಕ್ಕಷ್ಟೆ.

ನಾನು ಶ್ರೀಮಂತನಲ್ಲ ಎನ್ನುವುದನ್ನು ಹೇಳಿಬಿಡಬೇಕು. ಒಂದು ಕಂಪನಿಯಲ್ಲಿ ಬೇರೆಯವರ ಲೆಕ್ಕದ ತಪ್ಪು ಹುಡುಕುವುದು ನನ್ನ ಕೆಲಸ. ಮನೆಗೆ ಬಂದ ಮೇಲೆ ಗ್ಯಾಸ್ ಆರಿಸಿದೆಯಾ, ಬೀಗ ಹಾಕಿದೆಯಾ, ಎದೆಯ ಎಡಗಡೆ ನೋಯುತ್ತಿರುವುದು ಗ್ಯಾಸೋ ಇನ್ನೊಂದೋ ಎಂದು ಚಿಂತಿಸುವುದು ನನ್ನ ವಿರಾಮ. ಇಂಥವನಿಗೆ ಕಂಚಿನ ಶಿಲ್ಪದ ಹುಚ್ಚು ಹಿಡಿದದ್ದಕ್ಕೆ ಕಾರಣ ಇಷ್ಟೇ: ಅದು ಒಡೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಮಾರುಕಟ್ಟೆ ಬಿದ್ದರೂ ಶೋಕೇಸಿನಲ್ಲಿ ನಿಂತೇ ಇರುತ್ತದೆ. ದೊಡ್ಡ ಹೆಸರಿನವರ ಕೆಲಸ ನನ್ನ ಕೈಗೆಟುಕುವುದಿಲ್ಲ. ಯಾರೂ ಹೆಸರು ಕೇಳದ ಕಲಾವಿದರ ಗೇಣುದ್ದದ ಶಿಲ್ಪಗಳು, ಅದೂ ಜನ ಊಟಕ್ಕೆ ಎದ್ದುಹೋದ ಹೊತ್ತಿನಲ್ಲಿ ಹರಾಜಿಗೆ ಬರುವಂಥವು, ಅಷ್ಟೇ ನನ್ನ ಪಾಲಿಗೆ. ಹಾಗೆ ಸೇರಿದವು ಎರಡು: ಮುಖವಿಲ್ಲದ ಒಂದು ಮೇಕೆ, ಮುಖ ಮಾತ್ರವೇ ಇರುವ ಒಬ್ಬ ಹೆಂಗಸು. ನನ್ನ ಹೆಂಡತಿ ಸುಧಾ ಇವನ್ನು ಧೂಳು ಒರೆಸುವ ವಸ್ತುಗಳೆಂದು ಮಾತ್ರ ಬಲ್ಲಳು. ಮೇಕೆಯ ಬೆನ್ನಿನ ಹಸಿರು ಛಾಯೆಯನ್ನು ಕಂಡು ಮೊದಲ ದಿನವೇ, "ಕಿಲುಬು ಹಿಡಿದಿದೆ ರೀ, ಹುಣಸೆಹಣ್ಣು ಹಾಕಿ ತಿಕ್ಕಿಕೊಡ್ಲಾ?" ಎಂದಿದ್ದಳು. ಆ ಕಿಲುಬಿಗೇ ದುಡ್ಡು ಕೊಟ್ಟದ್ದು ಎಂದು ಹೇಳಿದ ಮೇಲೆ ಅವಳು ನನ್ನ ಆರೋಗ್ಯವನ್ನು ಬೇರೆ ರೀತಿಯಲ್ಲಿ ವಿಚಾರಿಸಿಕೊಳ್ಳತೊಡಗಿದಳು.

ಕಂಚನ್ನು ಎರಕ ಹೊಯ್ಯುವ ಕ್ರಮ ನಿಮಗೆ ಗೊತ್ತಿರಬಹುದು. ಮೊದಲು ಮೇಣದಲ್ಲಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸುತ್ತಾರೆ. ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಕಂಚನ್ನು ಹೊಯ್ಯುತ್ತಾರೆ. ಕಲಾವಿದ ಕೈಯಾರೆ ತಿದ್ದಿದ್ದು ಯಾವುದೋ ಅದು ಉಳಿಯುವುದೇ ಇಲ್ಲ. ನಾವು ದುಡ್ಡು ಕೊಟ್ಟು ತರುವುದು ಅದು ಖಾಲಿ ಮಾಡಿದ ಜಾಗವನ್ನು. ಇದನ್ನು ನಾನು ಸ್ನೇಹಿತ ಮುನಿರಾಜುವಿಗೆ ಹೇಳಿದಾಗ ಅವನು, "ಅಂದ್ರೆ ಬಾಡಿಗೆದಾರ ಹೋದ್ಮೇಲೆ ಮನೆ ತೋರ್ಸ್ತಾರಲ್ಲ, ಹಂಗೆ" ಎಂದ.

ಮುನಿರಾಜು ನನ್ನ ಕಾಲೇಜಿನ ಗೆಳೆಯ. ಕೋಣನಕುಂಟೆಯವನು. ಅವರ ರಾಗಿ ಹೊಲ ಈಗ ಬಾಡಿಗೆ ಮನೆಗಳಾಗಿ ನಿಂತಿದೆ. ಭಾನುವಾರ ಬೆಳಿಗ್ಗೆ ಅವನು ಕಾರಿನಲ್ಲಿ ಬರುವುದು, ಇಬ್ಬರೂ ನಿಂತುಕೊಂಡು ಇಡ್ಲಿ ತಿಂದು, ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು, ನಾನು ಚಿಂತೆ ಮಾಡುವುದು, ಅವನು "ಹೋಗ್ಲಿ ಬುಡು ಗುರು" ಅನ್ನುವುದು: ನಮ್ಮ ಸ್ನೇಹ ಇಷ್ಟರ ಮೇಲೆಯೇ ಇಷ್ಟು ವರ್ಷ ನಿಂತಿತ್ತು. ನನಗೆ ಯಾವ ಶಿಲ್ಪ ಬೇಕು ಎಂದು ಹರಾಜಿಗೆ ಮುಂಚೆ ನಾನು ಬಾಯಿಬಿಡುತ್ತಿದ್ದದ್ದು ಅವನೊಬ್ಬನ ಹತ್ತಿರ. ಹೋದ ವರ್ಷ ಒಂದು ಹರಾಜಿನ ಮಾಲು ನೋಡಲು ಹೊರಟಾಗ ಅವನನ್ನೂ ಕರೆದುಕೊಂಡು ಹೋದೆ.

ಅಲ್ಲಿ ಕೋಣ ಇತ್ತು. ನೀರಿನಲ್ಲಿ ಮುಳುಗಿದ ಕೋಣ. ಚಪ್ಪಟೆಯಾದ ಕಂಚಿನ ಹಲಗೆಯೇ ನೀರು. ಅದರ ಮೇಲೆ ಒಂದಿಷ್ಟು ಬೆನ್ನು, ಹಿಂದಕ್ಕೆ ಬಾಗಿದ ಎರಡು ಕೊಂಬು, ಮೇಲಕ್ಕೆತ್ತಿದ ಮೂಗು. ಅಷ್ಟೇ. ಕ್ಯಾಟಲಾಗಿನಲ್ಲಿ ಅದರ ಹೆಸರು 'ಮಧ್ಯಾಹ್ನ' ಎಂದಿತ್ತು. ಜಗತ್ತಿನ ಯಾವ ಚಿಂತೆಯೂ ಇಲ್ಲದ ಆ ಮೂಗನ್ನು ನೋಡಿದೊಡನೆ ನಾನು ದೂರ ಹೋಗಿ ಕುದುರೆಯ ಮುಂದೆ ನಿಂತುಕೊಂಡೆ.

ಮುನಿರಾಜು ಅಲ್ಲಿಂದಲೇ ಕೇಳಿದ: "ಏನ್ ಗುರು, ಅರ್ಧ ಕೋಣಕ್ಕೆ ಪೂರ್ತಿ ದುಡ್ಡು ಕೇಳ್ತವ್ರೆ?"

"ಮಿಕ್ಕಿದ್ದು ನೀರೊಳಗಿದೆ ಅಂತ ನಾವು ತಿಳ್ಕೋಬೇಕು. ಮೆಲ್ಲಗೆ ಮಾತಾಡು."

"ನಾವೂ ಅರ್ಧ ದುಡ್ಡು ಕೊಟ್ಟು ಮಿಕ್ಕಿದ್ದು ನೀರೊಳಗೈತೆ ಅಂತ ತಿಳ್ಕೊಳಿ ಅನ್ನಾಣ." ಆಮೇಲೆ ಕೋಣದ ಸುತ್ತ ಒಂದು ಪ್ರದಕ್ಷಿಣೆ ಬಂದ. "ನಮ್ಮೂರ ಹೆಸ್ರಲ್ಲೇ ಕೋಣನೂ ಐತೆ, ನೀರಿನ ಕುಂಟೆನೂ ಐತೆ. ಊರಲ್ಲಿ ಎರಡೂ ಇಲ್ಲ. ತಗೋ ಗುರು, ಚೆನ್ನಾಗೈತೆ."

ಸುಧಾಗೆ ಫೋಟೋ ತೋರಿಸಿದೆ. "ಅಲ್ಲಾ ರೀ, ಜನ ಮನೆಗೆ ಆನೆ ತರ್ತಾರೆ, ಹಸು ಕರು ತರ್ತಾರೆ. ನೀವು ಯಮನ ವಾಹನ ತರ್ತೀರಾ?" ಎಂದಳು. ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅವತ್ತೇ ಹೋಗಿ ಬಿಪಿ ನೋಡಿಸಿಕೊಂಡು ಬಂದೆ. ಆದರೂ ಕೋಣ ಬೇಕು ಅನ್ನಿಸುತ್ತಲೇ ಇತ್ತು.

ಹರಾಜಿನ ದಿನ ಮುನಿರಾಜು ತಾನೇ ಕಾರು ತಂದ. ಅಲ್ಲಿಯ ರೀತಿನೀತಿಗಳನ್ನು ನಾನು ದಾರಿಯುದ್ದಕ್ಕೂ ಅವನಿಗೆ ವಿವರಿಸಿದೆ. "ಹರಾಜು ನಂಗೇನ್ ಹೊಸದಾ? ವರ್ಷಾ ವರ್ಷಾ ಗಣೇಶನ ಲಡ್ಡು ಕೂಗಲ್ವಾ ನಾನು?" ಎಂದ. ನಾನು ನಕ್ಕೆ. ಆಗ ನಗಬಾರದಿತ್ತು, ಕೇಳಿಸಿಕೊಳ್ಳಬೇಕಿತ್ತು.

ನಾವು ಕೂಗು ಎನ್ನುತ್ತೇವೆಯೇ ಹೊರತು ಅಂಥ ಹಾಲುಗಳಲ್ಲಿ ಯಾರೂ ಕೂಗುವುದಿಲ್ಲ. ಬಾಗಿಲಲ್ಲಿ ಹೆಸರು ಬರೆಸಿದವರಿಗೆಲ್ಲ ನಂಬರಿರುವ ಒಂದು ರಟ್ಟು ಕೊಡುತ್ತಾರೆ, ಅದನ್ನು ಎತ್ತಬೇಕು. ನಾನು ಮುಂದಿನ ಸಾಲಿನಲ್ಲಿ ಕೂತೆ. ಗಾಡಿ ನಿಲ್ಲಿಸಿ ಬರುತ್ತೇನೆಂದು ಹೋದ ಮುನಿರಾಜು ಹಿಂದೆಲ್ಲೋ ಕೂತಿರಬೇಕು ಎಂದುಕೊಂಡೆ. ಹರಾಜಿನಲ್ಲಿ ಹಿಂದೆ ತಿರುಗಿ ನೋಡಬಾರದು ಎನ್ನುವುದು ನನ್ನ ನಿಯಮ. ಎದುರಾಳಿಯ ಮುಖ ನೋಡಿದರೆ ನನಗೆ ಅವನ ಮೇಲೆ ಕರುಣೆಯೋ ಭಯವೋ ಹುಟ್ಟಿ ಕೈ ಕೆಳಗಿಳಿಯುತ್ತದೆ.

ಕೋಣದ ಸರದಿ ಬಂತು. ಹಳೆಯ ಸ್ಕೂಟರಿನ ಬೆಲೆಯಿಂದ ಶುರುವಾಯಿತು. ನಾನು ರಟ್ಟು ಎತ್ತಿದೆ. ಹಾಲಿನಲ್ಲಿ ಯಾರೂ ಅಲುಗಲಿಲ್ಲ. ದೇವರೇ, ಎಲ್ಲರ ಕಣ್ಣನ್ನೂ ಹೀಗೇ ಕಟ್ಟಿಡು ಎಂದು ಬೇಡುತ್ತಿದ್ದಂತೆ ಹಿಂದಿನಿಂದ ಯಾರೋ ಎತ್ತಿದರು. ನಾನು ಮತ್ತೆ ಎತ್ತಿದೆ. ಅವರೂ ಎತ್ತಿದರು. ಬೆಲೆ ಹಳೆಯ ಸ್ಕೂಟರಿನಿಂದ ಹೊಸ ಸ್ಕೂಟರಿಗೆ ಬಂತು. ಸುಧಾಗೆ ನಾನು ಹೇಳಿದ್ದ ಮಿತಿ ಅದು. ಅಲ್ಲಿಂದ ಬುಲೆಟ್ಟಿಗೆ ಬಂತು. ನನಗೆ ನಾನೇ ಹೇಳಿಕೊಂಡಿದ್ದ ಮಿತಿ ಅದು. ಹಿಂದೆ ಕೂತವರು ಬಿಲ್ಡರನ ಹೆಂಡತಿಯಿರಬೇಕು, ಇಲ್ಲವೇ ಮುಂಬೈಯಿಂದ ಇದಕ್ಕೆಂದೇ ಬಂದ ಡಾಕ್ಟರಿರಬೇಕು ಎಂದು ಊಹಿಸುತ್ತ, ಅವರ ಇಡೀ ವಂಶವನ್ನು ಶಪಿಸುತ್ತ, ಬುಲೆಟ್ಟನ್ನೂ ದಾಟಿ ಹೋದೆ. ಸೆಕೆಂಡ್ ಹ್ಯಾಂಡ್ ಕಾರಿನ ಹೊಸ್ತಿಲಲ್ಲಿ ನನ್ನ ಕೈ ತಾನಾಗಿಯೇ ಮಡಿಲಿಗೆ ಬಂದು ಬಿತ್ತು. ಸುತ್ತಿಗೆಯ ಸದ್ದಾಯಿತು. ಆಗ ತಿರುಗಿ ನೋಡಿದೆ.

ಕಡೆಯ ಸಾಲಿನಲ್ಲಿ ಮುನಿರಾಜು, ತಪ್ಪಿ ರೈಲಿನ ಚೈನು ಎಳೆದವನ ಮುಖ ಹೊತ್ತು, ರಟ್ಟನ್ನು ಇನ್ನೂ ಮೇಲೆಯೇ ಹಿಡಿದುಕೊಂಡಿದ್ದ. ಓಡಿ ಬಂದು ನನ್ನ ಭುಜ ಹಿಡಿದ. "ಯಾಕ್ ಗುರು ನಿಲ್ಸ್‌ಬುಟ್ಟೆ? ಇನ್ನೊಂದ್ ಸಲ ಎತ್ತಿದ್ರೆ ನಿಂದಾಗಿತ್ತಲ್ಲೋ. ನಾನ್ ಅಲ್ಲಿಗೇ ಬುಡ್ತಿದ್ದೆ."

ಬನಶಂಕರಿಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ವಿವರಿಸಿದ. "ಲಡ್ಡು ಹರಾಜಲ್ಲಿ ನಾನ್ ಕೂಗಿದ್ರೆ ನಮ್ ಬಾಮೈದ ಎದ್ರು ಕೂಗ್ತಾನೆ. ಲಡ್ಡು ಬೇಕು ಅಂತಲ್ಲ, ಅವ್ನಿಗೆ ಶುಗರ್ ಐತೆ. ಒಂದೇ ಕೂಗಿಗೆ ತಗೊಂಡೋದ್ರೆ ಊರೋರು ಏನಂತಾರೆ? ಇವ್ನಿಗೆ ಎದ್ರು ಕೂಗಕ್ಕೂ ಒಬ್ರು ಗತಿ ಇಲ್ಲ ಅಂತಾರೆ. ಅದಕ್ಕೆ ನಮ್ಮೋರೇ ಏರಿಸ್ತಾರೆ, ಕೊನೇಗೆ ನಂಗೇ ಬುಡ್ತಾರೆ. ಅಷ್ಟು ಜನ ದೊಡ್ಡೋರ್ ಮಧ್ಯ ನೀನ್ ಒಬ್ನೇ ಕೈ ಎತ್ಕೊಂಡು ಕೂತಿದ್ದೆ. ಒಬ್ನೂ ಕ್ಯಾರೆ ಅನ್ಲಿಲ್ಲ. ನಂಗೆ ನೋಡ್ಕೊಂಡಿರಕ್ಕಾಗ್ಲಿಲ್ಲ, ಅದ್ಕೇ ನಾನೇ ಎದ್ರು ಎತ್ದೆ."

ದ್ರೋಹವಾಗಿದ್ದರೆ ಎಷ್ಟು ಸುಲಭವಿತ್ತು. ಜಗಳವಾಡಿ, ಆರು ತಿಂಗಳು ಮಾತು ಬಿಟ್ಟು, ದೊಡ್ಡ ಮನಸ್ಸು ಮಾಡಿ ಕ್ಷಮಿಸಬಹುದಿತ್ತು. ಪ್ರೀತಿಯಿಂದ ಮಾಡಿದ ಹಾನಿಗೆ ಹಾಗೆ ಯಾವ ದಾರಿಯೂ ಇಲ್ಲ. ಮಾರನೆಯ ವಾರ ಅವನು ಕೋಣವನ್ನು ಹಳೇ ಟವಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದು, "ತಗೋ, ನಿಂದು" ಎಂದು ಊಟದ ಮೇಜಿನ ಮೇಲಿಟ್ಟ. ಅಷ್ಟು ದೊಡ್ಡದನ್ನು ಸುಮ್ಮನೆ ತೆಗೆದುಕೊಂಡರೆ ಜೀವನಪೂರ್ತಿ ಅವನೆದುರು ಬಗ್ಗಿ ನಿಲ್ಲಬೇಕಾಗುತ್ತದೆ ಎಂಬ ಚಿಂತೆ ನನಗೆ. ಕಂತಿನಲ್ಲಿ ಕೊಡುತ್ತೇನೆ ಎಂದೆ. "ನಾನೇನ್ ಅಂಗಡಿ ಇಟ್ಟಿದೀನಾ?" ಎಂದು ಅವನು ಕೋಣವನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡ. ಕಾಫಿ ಆರುತ್ತಿತ್ತು. ಕುಡಿಯದೆ ಹೋದ.

ಭಾನುವಾರದ ಇಡ್ಲಿ ಆಮೇಲೂ ನಡೆಯಿತು, ಉಪ್ಪು ಕಡಿಮೆಯಾದ ಹಾಗೆ. ಕೋಣ ಅವನ ಮನೆಯ ಟೀವಿಯ ಪಕ್ಕ ಕೂತಿತು. ನಾನು ಕೋಣನಕುಂಟೆಗೆ ಹೋಗುವುದು ಹೆಚ್ಚಾಯಿತು. ಮುನಿರಾಜು ಮಾತಾಡುತ್ತಿದ್ದರೆ ನನ್ನ ಕಣ್ಣು ಟೀವಿಯ ಕಡೆಗೇ ಇರುತ್ತಿತ್ತು. ಒಂದು ದಿನ ಅವನೇ, "ಟೀವಿ ಆಫ್ ಆಗೈತೆ ಗುರು" ಎಂದ.

ಸಂಕ್ರಾಂತಿಗೆ ಮುನಿರಾಜುವಿನ ತಾಯಿ, ಎಲ್ಲರೂ ಅಜ್ಜಿ ಎಂದೇ ಕರೆಯುವವರು, ಊಟಕ್ಕೆ ಹೇಳಿಕಳಿಸಿದರು. ಹೋದರೆ ಕೋಣದ ಕೊರಳಿಗೆ, ಅಂದರೆ ಕೊರಳಿರಬೇಕಾದ ಕಡೆ, ಚೆಂಡುಹೂವಿನ ಮಾಲೆ. ಹಣೆಗೆ ಕುಂಕುಮ. ಎರಡು ಕೊಂಬಿಗೂ ದಪ್ಪಗೆ ಅರಿಶಿನ. "ಹಟ್ಟಿ ಇದ್ದಾಗ ಎಷ್ಟೊಂದ್ ಕೊಂಬಿಗೆ ಬಳೀತಿದ್ದೆ ಕಣಪ್ಪ. ಈಗ ಬಳಿಯಕ್ಕೆ ಇದೊಂದ್ ಸಿಕ್ತು" ಎಂದು ಅಜ್ಜಿ ಹಳದಿ ಕೈಯನ್ನು ನನಗೆ ತೋರಿಸಿದರು. ಆ ಕ್ಷಣದಲ್ಲಿ ಏನಾದರೂ ಹೇಳಬಹುದಿತ್ತು. ಸುಮ್ಮನೆ ನಗಬಹುದಿತ್ತು. ನನ್ನೊಳಗಿನ ಲೆಕ್ಕ ನೋಡುವವನು, "ಅಯ್ಯೋ, ಅರಿಶಿನ ಹಚ್ಚಬಾರದು ಅಜ್ಜಿ, ಬಣ್ಣ ಹಾಳಾಗತ್ತೆ. ಬೆಲೆ ಹೋಗ್ಬಿಡತ್ತೆ" ಎಂದ.

ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಮುನಿರಾಜು ಹೆಗಲ ಮೇಲಿನ ಟವಲು ತೆಗೆದು, ಹೂವನ್ನು ಪಕ್ಕಕ್ಕಿಟ್ಟು, ಕೊಂಬುಗಳನ್ನು ಒರೆಸಿದ. ಊಟಕ್ಕೆ ಅವರೆಕಾಳಿನ ಹುಳಿ ಇತ್ತು. ನನಗೆ ಮೂರು ಸಲ ಬಡಿಸಿದರು. ಅದರ ಮುಂದಿನ ಭಾನುವಾರ ಅವನು ಇಡ್ಲಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಈ ಸಲದ ಹರಾಜಿನ ಕ್ಯಾಟಲಾಗು ಬಂದಾಗ ಪುಟ ತಿರುಗಿಸುತ್ತ 'ಮಧ್ಯಾಹ್ನ'ದ ಮುಂದೆ ನಿಂತೆ. ಮಾರಲು ಕೊಟ್ಟವರ ಹೆಸರು ಹಾಕುವುದಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಫೋಟೋದ ಕೆಳಗೆ, ವಸ್ತುವಿನ ಸ್ಥಿತಿ ಹೇಳುವ ಕಡೆ, ಸಣ್ಣ ಅಕ್ಷರದಲ್ಲಿತ್ತು: ಕೊಂಬಿನ ಬುಡದಲ್ಲಿ ಹಳದಿ ಕಲೆ.

ಬಸ್ಸಿನಲ್ಲಿ ಹೋದೆ. ಮುಂದಿನ ಸಾಲಿನಲ್ಲಿಯೇ ಕೂತೆ. ಅದೇ ಹಳೆಯ ಸ್ಕೂಟರಿನ ಬೆಲೆಯಿಂದ ಶುರುವಾಯಿತು. ರಟ್ಟು ಎತ್ತಿದೆ. ಹರಾಜು ನಡೆಸುವವನು ಹಾಲಿನ ಈ ತುದಿಯಿಂದ ಆ ತುದಿಗೆ ನೋಡಿ, ಬೇರೆ ಯಾರಾದರೂ ಇದ್ದೀರಾ ಎಂದು ಕೇಳಿದ. ಕಲೆ ಇರುವ ಕೋಣ ಯಾರಿಗೂ ಬೇಕಿರಲಿಲ್ಲ. ಮತ್ತೆ ಕೇಳಿದ. ಇದೇ ಗಳಿಗೆಗಾಗಿ ನಾನು ವರ್ಷಗಳಿಂದ ಮುಖ ಸಿಂಡರಿಸುವುದನ್ನು ಅಭ್ಯಾಸ ಮಾಡಿದ್ದು. ಇಡೀ ಹಾಲು ನನ್ನನ್ನೇ ನೋಡುತ್ತಿದೆ, ಪಾಪ ಒಬ್ಬನೇ ಕೈ ಎತ್ತಿಕೊಂಡು ಕೂತಿದ್ದಾನೆ ಎಂದುಕೊಳ್ಳುತ್ತಿದೆ ಅನ್ನಿಸಿತು. ನಿಯಮ ಮುರಿದು ಹಿಂದೆ ತಿರುಗಿದೆ. ಕಡೆಯ ಸಾಲಿನ ಕುರ್ಚಿಗಳನ್ನು ಆಗಲೇ ಒಂದರ ಮೇಲೊಂದು ಪೇರಿಸುತ್ತಿದ್ದರು. ಸುತ್ತಿಗೆ ಬಿತ್ತು.

ಮನೆಗೆ ತಂದು ಶೋಕೇಸಿನಲ್ಲಿಟ್ಟೆ. ಸುಧಾ ಬಗ್ಗಿ ನೋಡಿ, "ಕೊಂಬಿನ ಹತ್ರ ಏನೋ ಹಳದಿ ಮೆತ್ಕೊಂಡಿದೆ ರೀ, ಒರೆಸ್ಲಾ?" ಎಂದಳು. ಬೇಡ ಎಂದೆ. ಫೋನು ತೆಗೆದುಕೊಂಡು ವರಾಂಡಕ್ಕೆ ಹೋಗಿ ಮುನಿರಾಜುವಿಗೆ ಕರೆ ಮಾಡಿದೆ.

"ಕೋಣ ನನ್ ಹತ್ರಾನೇ ಬಂತು ಕಣೋ" ಎಂದೆ.

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. "ನೀನೇನಾ ತಗೊಂಡಿದ್ದು? ಒಂದೇ ಕೂಗಿಗೆ ಹೋಯ್ತು ಅಂದ್ರು ಹರಾಜಿನ್ ಆಫೀಸ್ನೋರು."

"ಹೂಂ."

"ಯಾರೂ ಎದ್ರು ಕೂಗ್ಲಿಲ್ವಾ?"

"ಇಲ್ಲ."

"ಪಾಪ" ಎಂದ ಮುನಿರಾಜು. ಕೋಣಕ್ಕೆ ಅಂದನೋ ನನಗೆ ಅಂದನೋ, ಕೇಳುವ ಧೈರ್ಯ ನನಗಾಗಲಿಲ್ಲ.