ನಾಲ್ಕು ಟ್ರ್ಯಾಕು, ಒಂದು ಕಿವಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಾರೆ. ಅವಳ ಬಾಯಿ ನೋಡಿ ಇಟ್ಟ ಹೆಸರು ಎಂದು ಎದುರು ಅಂಗಡಿಯವನ ವಾದ. ಅದು ಶುದ್ಧ ಹೊಟ್ಟೆಕಿಚ್ಚು. ಅವಳ ಕೊರಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಪಟ್ಟಿಗೆ ಕಟ್ಟಿದ ಕತ್ತರಿ ನೇತಾಡುತ್ತಿರುತ್ತದೆ, ಹೆಸರು ಬಂದದ್ದು ಅದರಿಂದ. ಬಾಯಿಯೂ ಸ್ವಲ್ಪ ಚುರುಕೇ, ಇಲ್ಲವೆನ್ನಲು ನನಗೂ ಧೈರ್ಯವಿಲ್ಲ.

ಅವಳದು ಬಟ್ಟೆ ಸರಿಮಾಡುವ ಕಸುಬು. ಸೊಂಟ ಬೆಳೆದವರ ಪ್ಯಾಂಟಿನ ಹೊಲಿಗೆ ಬಿಡಿಸಿ ಅಗಲ ಮಾಡುವುದು, ಅಕ್ಕನ ಲಂಗವನ್ನು ತಂಗಿಯ ಅಳತೆಗೆ ಇಳಿಸುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು. ಮೊದಲ ಮಹಡಿಯಲ್ಲಿ ಒಂದೇ ಕೋಣೆಯ ಅಂಗಡಿ, ಮೂರು ಗೋಡೆಗೂ ಬಟ್ಟೆ ತೂಗುಹಾಕಿದೆ. ಹಿಂದುಗಡೆ ಎರಡು ಕೋಣೆಯ ಮನೆ, ಅಲ್ಲಿ ಅವಳೂ ಅವಳ ಅಮ್ಮನೂ. ಮುಗಿದ ಬಟ್ಟೆಯಲ್ಲಿ ಉಳಿದ ನೂಲಿನ ತುದಿಗಳನ್ನು ಕಿತ್ತು ತೆಗೆಯುವುದು ಅಮ್ಮನ ಪಾಲಿನ ಕೆಲಸ. ನೂಲು ಕಂಡರೆ ಅಮ್ಮನ ಕೈ ಸುಮ್ಮನಿರದು. ಗಿರಾಕಿಯ ತೋಳಿನ ಮೇಲಿದ್ದರೂ ಸರಿ, ಮಾತಿನ ಮಧ್ಯೆ ಎಳೆದು ತೆಗೆದುಬಿಡುತ್ತಾಳೆ.

ಮಕ್ಕಳು ನಾಲ್ವರು. ಅಣ್ಣ ಶಾಲೆಯ ವ್ಯಾನು ಓಡಿಸುತ್ತಾನೆ, ಎರಡನೆಯವಳು ನಮ್ಮ ಕತ್ತರಿ ಅಕ್ಕ, ಮೂರನೆಯವನು ಮನೆಗಳಿಗೆ ಬಣ್ಣ ಹೊಡೆಯುವ ತಮ್ಮ, ಕೊನೆಯವಳು ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಬದುಕಿದ್ದಾಗ ರಾತ್ರಿಯೂಟದ ಪಾತ್ರೆ ತೊಳೆಯುವ ಕೆಲಸ ಗಂಡಸರದು, ಮಕ್ಕಳದು ಎಂದು ನಿಯಮ ಮಾಡಿದ್ದ. ಬೇಸರ ಬರದಿರಲಿ ಎಂದು ತಾನೇ ಒಂದು ಹಾಡು ಕಟ್ಟಿ, ನಾಲ್ವರಿಗೂ ನಾಲ್ಕು ಬೇರೆ ಬೇರೆ ದಾರಿಯಲ್ಲಿ ಹಾಡಲು ಕಲಿಸಿದ್ದ. ಅಣ್ಣ ಕೆಳಗಿನ ದನಿ, ತಂಗಿ ಮೇಲಿನದು, ನಡುವೆ ಇವರಿಬ್ಬರು. ಅಪ್ಪ ಗಿಟಾರು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ, ಅಮ್ಮ ಕಾಲು ಚಾಚಿ ಕೇಳುತ್ತಿದ್ದಳು. ದಿನದಲ್ಲಿ ಅವಳು ಕೂತಿರುತ್ತಿದ್ದದ್ದು ಅಷ್ಟೇ ಹೊತ್ತು.

ಅಪ್ಪ ಹೋದ ಮೇಲೆ ಆ ಗಿಟಾರೇ ಮುಳುವಾಯಿತು. ಅಣ್ಣ ಅದನ್ನು ತಾನು ವ್ಯಾನು ಓಡಿಸುವ ಶಾಲೆಗೆ ಕೊಟ್ಟುಬಿಟ್ಟ, ಮಕ್ಕಳು ನುಡಿಸಲಿ ಎಂದು. ಒಳ್ಳೆಯ ಮನಸ್ಸೇ. ಆದರೆ ಯಾರನ್ನೂ ಕೇಳಲಿಲ್ಲ. ಹೊಸ ತಂತಿ ಕೊಂಡುಕೊಂಡು ಬಂದ ತಮ್ಮನಿಗೆ ಗೋಡೆಯಲ್ಲಿ ಮೊಳೆ ಮಾತ್ರ ಕಂಡಿತು. ಅವನು ಒಂದಂದ, ಇವನು ಎರಡಂದ. ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಏಳು ವರ್ಷ! ಅಣ್ಣ ಬರುವ ದಿನ ತಮ್ಮ ಬರುವುದಿಲ್ಲ, ತಮ್ಮನ ಸ್ಕೂಟರು ಕೆಳಗೆ ನಿಂತಿದ್ದರೆ ಅಣ್ಣ ಮೆಟ್ಟಿಲು ಹತ್ತುವುದಿಲ್ಲ.

ಇದರ ನಡುವೆ ಅಮ್ಮನ ಕಿವಿ ಕೈಕೊಡತೊಡಗಿತು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಹೆಚ್ಚೆಂದರೆ ಈ ವರ್ಷ, ಆಮೇಲೆ ಯಂತ್ರ ಇಟ್ಟುಕೊಂಡರೂ ಮಾತು ತಿಳಿದೀತೇ ಹೊರತು ಹಾಡು ಹಾಡಿನ ಹಾಗೆ ಕೇಳಿಸಲಾರದು ಎಂದರು ಡಾಕ್ಟರು. ಅಮ್ಮ ಅಳಲಿಲ್ಲ. ಮನೆಗೆ ಬಂದು, ನೂಲು ಕೀಳುತ್ತಾ ಹೇಳಿದಳು:

"ನೀವು ನಾಲ್ಕು ಜನಾನೂ ಒಟ್ಟಿಗೆ ಹಾಡಿದ್ದು ಒಂದೇ ಒಂದ್ಸಲ ಕೇಳಿಸ್ಬಿಡು ಕಣೇ. ಆಮೇಲೆ ಕಿವಿ ಬಾಗಿಲು ಹಾಕ್ಕೊಂಡ್ರೆ ಹಾಕ್ಕೊಳ್ಲಿ."

ಕತ್ತರಿ ಅಕ್ಕ ಇಬ್ಬರ ಬಳಿಯೂ ಹೋದಳು. ಅವನಿದ್ದರೆ ನಾನಿಲ್ಲ ಎಂದು ಅಣ್ಣ ಕಡ್ಡಿ ತುಂಡುಮಾಡಿದ ಹಾಗೆ ಹೇಳಿದ. ತಮ್ಮನೂ ಅದನ್ನೇ ಹೇಳಿದ. ಏಳು ವರ್ಷದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು.

ಹೀಗೆ ತಲೆ ಕೆಡಿಸಿಕೊಂಡು ಬರುವಾಗ, ಮೂಲೆಯ ರೇಡಿಯೋ ತಾತನ ಅಂಗಡಿಯೊಳಗೆ ಒಬ್ಬನೇ ಮನುಷ್ಯ ಇಬ್ಬರ ದನಿಯಲ್ಲಿ ಹಾಡುವುದು ಕೇಳಿಸಿತು. ಇಬ್ಬರೂ ತಾತನೇ. ಇದೇನು ಮಾಯ ಎಂದು ಕೇಳಿದಳು. ತಾತ ಹಳೆಯ ರೆಕಾರ್ಡರು ತೋರಿಸಿದರು. ಮಾಮೂಲಿ ಕ್ಯಾಸೆಟ್ಟೇ, ಆದರೆ ಈ ಯಂತ್ರ ಅದರ ಟೇಪಿನ ಮೇಲೆ ಉದ್ದಕ್ಕೂ ನಾಲ್ಕು ಗೆರೆ ಎಳೆದುಕೊಂಡ ಹಾಗೆ ನಾಲ್ಕು ಟ್ರ್ಯಾಕು ಮಾಡಿಕೊಳ್ಳುತ್ತದೆ. ಇವತ್ತು ಒಂದರಲ್ಲಿ ಹಾಡಿ, ನಾಳೆ ಅದನ್ನು ಕೇಳಿಕೊಳ್ಳುತ್ತಾ ಇನ್ನೊಂದರಲ್ಲಿ ಹಾಡಬಹುದು. ಕೊನೆಗೆ ನಾಲ್ಕೂ ಒಟ್ಟಿಗೆ ಕೇಳುತ್ತವೆ. ಕತ್ತರಿ ಅಕ್ಕನಿಗೆ ಅರ್ಥವಾಗಲು ನಿಮಿಷ ಹಿಡಿಯಲಿಲ್ಲ. ಮುಂಭಾಗ, ಹಿಂಭಾಗ, ತೋಳು, ಕಾಲರು ಎಲ್ಲವನ್ನೂ ಬೇರೆಬೇರೆಯಾಗಿ ಕತ್ತರಿಸಿ ಆಮೇಲೆ ಒಂದು ಅಂಗಿ ಮಾಡುವವಳು ಅವಳು. ತೋಳು ಕತ್ತರಿಸುವಾಗ ಕಾಲರು ಎದುರಿಗೆ ಕೂತಿರಬೇಕೆಂದು ಯಾರು ಹೇಳಿದ್ದಾರೆ?

ಅಂಗಡಿಯಲ್ಲಿ ಎರಡು ಯಂತ್ರ ಇದ್ದವು. ಒಂದು ಊಟದ ತಟ್ಟೆಯಷ್ಟು ಅಗಲದ ಎರಡು ಚಕ್ರ ತಿರುಗುವ, ಎಂಟು ಟ್ರ್ಯಾಕಿನ ದೊಡ್ಡದು. ಅವಳ ಕಣ್ಣು ಅದರ ಮೇಲೇ ಬಿತ್ತು. ಅದು ರಾಜ, ಆದರೆ ರಾಜನನ್ನು ಸಾಕುವುದು ಕಷ್ಟ ಎಂದರು ತಾತ. ಅದರ ಟೇಪು ಈಗ ಸಿಗುವುದು ದುರ್ಲಭ, ಎತ್ತಲು ಮೂರು ಜನ ಬೇಕು. ಮೇಲಾಗಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ಡು ಸವೆದಿದೆ ಎಂದು ಅವಳ ಬೆರಳು ಹಿಡಿದು ಅದರ ಮೇಲೆ ಉಗುರು ಆಡಿಸಿದರು. ಉಗುರು ಒಂದು ಗೀರಿಗೆ ಸಿಕ್ಕಿಹಾಕಿಕೊಂಡಿತು. ಚಿಕ್ಕದರ ಹೆಡ್ಡಿನ ಮೇಲೆ ಉಗುರು ಜಾರಿತು. ಪ್ರತಿ ಗುಂಡಿ ಒತ್ತಿ ನೋಡು, ಮೋಟಾರು ಒಂದೇ ಸಮ ತಿರುಗುತ್ತಿದೆಯೇ ಎಂದು ಕಿವಿಯಿಟ್ಟು ಕೇಳು, ಆಸೆಗೆ ಬೀಳದೆ ಕೆಲಸಕ್ಕೆ ತಕ್ಕದ್ದನ್ನು ತಗೋ ಎಂದರು. ಜೊತೆಗೆ ಮೈಕು, ಹೆಡ್‌ಫೋನು, ಪೊಟ್ಟಣ ಒಡೆಯದ ಎರಡು ಕ್ಯಾಸೆಟ್ಟು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದನ್ನೂ ಕಲಿಸಿದರು. ಬದಲಿಗೆ ಅವರು ಕೇಳಿದ್ದು, ತಾವು ಬದುಕಿರುವವರೆಗೂ ಪ್ಯಾಂಟುಗಳನ್ನು ಹೊಟ್ಟೆಯ ಬೆಳವಣಿಗೆಗೆ ತಕ್ಕಂತೆ ಅಗಲ ಮಾಡಿಕೊಡಬೇಕೆಂದು.

ಯಂತ್ರ ಇಡಲು ಬಂದ ತಾತ ಅಂಗಡಿಯ ನಡುವೆ ನಿಂತು ಚಪ್ಪಾಳೆ ತಟ್ಟಿ ತಲೆದೂಗಿದರು. ಸುತ್ತಲೂ ಬಟ್ಟೆ ಇದ್ದುದರಿಂದ ದನಿ ಗೋಡೆಗೆ ಬಡಿದು ವಾಪಸು ಬರುತ್ತಲೇ ಇರಲಿಲ್ಲ. ಹಾಡು ರೆಕಾರ್ಡು ಮಾಡಲು ದೊಡ್ಡವರು ಕೈತುಂಬ ದುಡ್ಡು ಸುರಿದು ಇಂಥ ಕೋಣೆ ಕಟ್ಟಿಸುತ್ತಾರೆ ಎಂದರು. ಇಷ್ಟು ದಿನ ಜಾಗ ಸಾಲದೆಂದು ಬೈದುಕೊಳ್ಳುತ್ತಿದ್ದ ಕೋಣೆಯನ್ನು ಅವಳು ಅವತ್ತು ಬೇರೆ ಕಣ್ಣಿನಿಂದ ನೋಡಿದಳು.

ಯಾವ ಟ್ರ್ಯಾಕು ಯಾರದೆಂದು ಮರೆಯಬಾರದಲ್ಲ, ಒಂದೊಂದು ಟ್ರ್ಯಾಕಿನ ದನಿ ಏರಿಸಿ ಇಳಿಸುವ ನಾಲ್ಕು ತಿರುಪುಗಳಿಗೂ ಒಂದೊಂದು ಬಣ್ಣದ ನೂಲು ಕಟ್ಟಿದಳು. ಒಂದನೆಯದು ಬಿಳಿ, ಅವಳದೇ. ಎರಡನೆಯದು ಅಣ್ಣನ ಕೆಂಪು, ಮೂರನೆಯದು ತಮ್ಮನ ನೀಲಿ, ನಾಲ್ಕನೆಯದು ತಂಗಿಯ ಹಳದಿ. ಮೊದಲು ತಾನೇ ಹಾಡಿದಳು. ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚಿನಲ್ಲಿ ಎರಡು ಬೆರಳು ಹೆಚ್ಚು ಬಿಡುವ ಕೈ ಅದು. ಇಲ್ಲೂ ಟೇಪನ್ನು ಸ್ವಲ್ಪ ಹೊತ್ತು ಖಾಲಿ ಓಡಲು ಬಿಟ್ಟು, ಆಮೇಲೆ ಕತ್ತರಿಯಿಂದ ಮೇಜಿಗೆ ನಾಲ್ಕು ಸಲ ತಟ್ಟಿ, ಹಾಡು ಶುರುಮಾಡಿದಳು.

ತಂಗಿ ಡ್ಯೂಟಿ ಮುಗಿಸಿ ಬಂದು, ಒಂದೇ ಏಟಿಗೆ ಹಾಡಿ, ತೂಕಡಿಸುತ್ತಾ ಹೋದಳು. ಅಣ್ಣನನ್ನು ಕರೆತರಲು ಹದಿನೈದು ದಿನ ಹಿಡಿಯಿತು. ಒಂದೇ ಸಲ ಹಾಡುವುದು, ಇನ್ನೊಮ್ಮೆ ಕರೆದರೆ ಬರುವವನಲ್ಲ, ತಮ್ಮನ ವಿಷಯ ಎತ್ತಕೂಡದು ಎಂಬ ಕರಾರಿನ ಮೇಲೆ ಬಂದ. ಅವಳು ರೆಕಾರ್ಡಿನ ಗುಂಡಿ ಒತ್ತಿದ ಮೇಲೆ ಫ್ಯಾನು ತಿರುಗುತ್ತಿರುವುದು ನೆನಪಾಗಿ ಒಳಗೆ ಓಡಿಹೋಗಿ ಆರಿಸಿ ಬಂದಳು. ಅಷ್ಟರಲ್ಲಿ ಅಣ್ಣ ಶುರುಮಾಡಿದ್ದ. ಹಾಡಿ ಮುಗಿಸಿ, ಚಹಾ ಕೂಡ ಕುಡಿಯದೆ ಹೊರಟ. ಆಮೇಲೆ ಅವಳು ಕೇಳಿದಾಗಲೆಲ್ಲ ಕತ್ತರಿಯ ತಟ್ಟಿನಿಂದಲೇ ಕೇಳಿದಳು. ಅದಕ್ಕೂ ಹಿಂದಿನ ಖಾಲಿ ಟೇಪನ್ನು ಯಾರು ಕೇಳುತ್ತಾರೆ?

ತಮ್ಮ ಬರುವ ದಿನ ಬೆಳಿಗ್ಗೆ ನೋಡಿದರೆ ತಿರುಪುಗಳ ಮೇಲೆ ನೂಲೇ ಇಲ್ಲ. ಅಮ್ಮ ಪಕ್ಕದಲ್ಲಿ ಕೂತು ಬಟ್ಟೆ ಶುದ್ಧಮಾಡಿದವಳು ಯಂತ್ರವನ್ನೂ ಶುದ್ಧಮಾಡಿದ್ದಳು. ಅವಳನ್ನು ಅಂದು ಏನು ಪ್ರಯೋಜನ? ಕತ್ತರಿ ಅಕ್ಕ ನಕ್ಕು, ನೆನಪಿನಿಂದಲೇ ನೂಲು ಮತ್ತೆ ಕಟ್ಟಿದಳು. ಕೆಂಪು, ನೀಲಿ ಅದಲುಬದಲಾದವು.

ತಮ್ಮ ಬಂದ, ಕೂದಲ ತುದಿಯಲ್ಲಿ ಸುಣ್ಣ. ಅಣ್ಣನ ದನಿ ನನ್ನ ಕಿವಿಗೆ ಬೀಳಕೂಡದು ಎಂದ. ಅವಳು ಕೆಂಪು ನೂಲಿನ ತಿರುಪನ್ನು ಪೂರ್ತಿ ಇಳಿಸಿದಳು. ಕತ್ತರಿ ತಟ್ಟುವ ಹೊತ್ತಿಗೆ ಸರಿಯಾಗಿ ನೀಲಿಯಲ್ಲಿ ರೆಕಾರ್ಡು ಒತ್ತಿದಳು. ತಮ್ಮ ಚೆನ್ನಾಗಿಯೇ ಹಾಡಿದ. ಹಾಡಿ ಮುಗಿಸಿ ಹೆಡ್‌ಫೋನು ತೆಗೆಯದೆ, ಎತ್ತಲೋ ನೋಡುತ್ತಾ, "ಅವನು ಹಾಡಿದ್ದು... ಹಾಕು ನೋಡಣ," ಎಂದ.

ಅವಳು ಕೆಂಪನ್ನು ಏರಿಸಿದಳು. ಬರೀ ಸುಯ್ ಎಂಬ ಸದ್ದು. ಪೂರ್ತಿ ಏರಿಸಿದಳು, ಸುಯ್ ಜೋರಾಯಿತು. ಆಗ ಅವಳಿಗೆ ನೂಲಿನ ನೆನಪಾಯಿತು. ಅಣ್ಣನ ದನಿಯ ಮೇಲೆಯೇ ತಮ್ಮನ ದನಿ ಕೂತಿತ್ತು. ಟೇಪಿನ ಮೇಲೆ ಅಳಿದದ್ದು ಅಳಿದಂತೆಯೇ, ಬಿಚ್ಚಿ ಮತ್ತೆ ಹೊಲಿಯಲು ಅದು ಬಟ್ಟೆಯಲ್ಲ. ಅಣ್ಣ ಮತ್ತೆ ಬರುವವನಲ್ಲ. ಬರುವುದಿರಲಿ, ನಿನ್ನ ದನಿ ಅಳಿಸಿ ಅಲ್ಲಿ ತಮ್ಮ ಹಾಡಿದ್ದಾನೆ ಎಂದು ಅವನಿಗೆ ಯಾವ ಬಾಯಿಂದ ಹೇಳುವುದು? ಇನ್ನೊಂದು ಏಳು ವರ್ಷಕ್ಕೆ ಆಗುವಷ್ಟು ಸಿಟ್ಟು ಆ ಒಂದು ಮಾತಿನಲ್ಲಿತ್ತು. ಅಮ್ಮನ ಕಿವಿಗೆ ಅಷ್ಟು ಸಮಯ ಇರಲಿಲ್ಲ.

ಏನಾದರೂ ಉಳಿದಿದೆಯೇ ಎಂದು ಟೇಪನ್ನು ತುದಿಯವರೆಗೂ ಹಿಂದಕ್ಕೆ ಸುತ್ತಿ, ನಾಲ್ಕೂ ತಿರುಪು ಏರಿಸಿ ಹಾಕಿದಳು. ಹೆಡ್‌ಫೋನಿನ ಒಂದು ಕಡೆ ತಮ್ಮನ ಕಿವಿಗೆ, ಇನ್ನೊಂದು ಕಡೆ ಅವಳ ಕಿವಿಗೆ. ಖಾಲಿ ಟೇಪು ಓಡಿತು. ದೂರದಲ್ಲಿ ಫ್ಯಾನಿನ ಸದ್ದು, ಅವಳು ಓಡಿದ ಹೆಜ್ಜೆ. ಆಮೇಲೆ ಹತ್ತಿರದಲ್ಲಿ, ತನ್ನಷ್ಟಕ್ಕೆ ಗೊಣಗುವ ಅಣ್ಣನ ದನಿ:

"ಅವನು ಮೊದಲನೇ ಸಾಲು ಯಾವಾಗ್ಲೂ ಬೇಗ ಎತ್ಕೊಂಡ್ಬಿಡ್ತಾನೆ. ಸ್ವಲ್ಪ ನಿಧಾನಕ್ಕೇ ಹಾಡ್ತೀನಿ. ಚಿಕ್ಕೋನಿದ್ದಾಗ್ಲಿಂದ ಉಸಿರು ಸಾಲಲ್ಲ ಅವನಿಗೆ."

ಕತ್ತರಿಯ ನಾಲ್ಕು ತಟ್ಟು. ರೆಕಾರ್ಡಿನ ಗುಂಡಿ ಒತ್ತಿದ ಒಂದು ಟಕ್. ಆಮೇಲೆ ತಮ್ಮನ ಹಾಡು, ಮೊದಲನೇ ಸಾಲು ಬೇಗ ಎತ್ತಿಕೊಂಡು.

ತಮ್ಮ ಹೆಡ್‌ಫೋನು ಕಳಚಿಟ್ಟು ಎದ್ದ. ಮುಖ ತೋರಿಸಲಿಲ್ಲ. ಧಡಧಡನೆ ಮೆಟ್ಟಿಲಿಳಿದ. ಇವನು ಹೋಗಿ ಏನು ಒದರಿಬಿಡುತ್ತಾನೋ ಎಂದು ಕತ್ತರಿ ಅಕ್ಕ ಬರಿಗಾಲಲ್ಲೇ ಹಿಂದೆ ಓಡಿದಳು, ಕೊರಳಲ್ಲಿ ಕತ್ತರಿ ಕುಣಿಯುತ್ತಿತ್ತು.

ಶಾಲೆಯ ಗೋಡೆಯ ಪಕ್ಕದಲ್ಲಿ ಅಣ್ಣ ವ್ಯಾನಿಗೆ ಸೋಪು ಹಚ್ಚುತ್ತಿದ್ದ. ತಮ್ಮನನ್ನು ನೋಡಿ ಮುಖ ಗಂಟಿಕ್ಕಿಕೊಂಡು ಆ ಕಡೆ ತಿರುಗಿದ. ತಮ್ಮ ಅವನ ಬೆನ್ನಿಗೇ ಹೇಳಿದ.

"ಅಣ್ಣ, ನಿನ್ನ ಹಾಡಿನ ಮೇಲೆ ನಾನು ಹಾಡ್ಬಿಟ್ಟೆ. ಗೊತ್ತಿಲ್ದೆ. ನಿಂದು ಅಳಿಸಿಹೋಯ್ತು. ಬಂದು ಇನ್ನೊಂದ್ಸಲ ಹಾಡು."

ತಪ್ಪು ತನ್ನದು, ನೂಲು ಕಟ್ಟಿದ್ದು ತಾನು ಎಂದು ಅಕ್ಕ ಏದುಸಿರು ಬಿಡುತ್ತಾ ನಡುವೆ ಬಂದಳು. ಇಬ್ಬರೂ ಅವಳ ಮಾತಿಗೆ ಕಿವಿಗೊಡಲಿಲ್ಲ.

"ಎಲ್ಲಾನೂ ಅಳಿಸಿಹೋಯ್ತಾ?" ಎಂದ ಅಣ್ಣ, ತಿರುಗದೆ.

"ಹಾಡೆಲ್ಲ ಹೋಯ್ತು. ಅದಕ್ಕೆ ಮುಂಚೆ ನೀನು ಮಾತಾಡಿದ್ದು ಉಳ್ಕೊಂಡಿದೆ."

ತಾನು ಏನು ಮಾತಾಡಿದ್ದೆ ಎಂಬುದು ಅಣ್ಣನಿಗೆ ನೆನಪಾದದ್ದು ಅವನ ಕಿವಿ ಕೆಂಪಾದಾಗಲೇ ತಿಳಿಯಿತು. ಅದಾಗಲೇ ಫಳಫಳಿಸುತ್ತಿದ್ದ ಗಾಜನ್ನು ಬಹಳ ಹೊತ್ತು ಉಜ್ಜಿದ. ಆಮೇಲೆ, ಸೋಪು ತೊಳೆದು ಬರುತ್ತೇನೆ, ನೀವು ನಡೆಯಿರಿ ಎಂದ. ತಮ್ಮ ನಡೆಯಲಿಲ್ಲ. ನಲ್ಲಿಯ ಪೈಪು ಎತ್ತಿಕೊಂಡು ಚಕ್ರಗಳಿಗೆ ನೀರು ಬಿಟ್ಟ. ಕತ್ತರಿ ಅಕ್ಕ ಗೋಡೆಗೆ ಒರಗಿ ನಿಂತು, ಯಾರಿಗೂ ಕಾಣದ ಹಾಗೆ ಅತ್ತಳು. ಅಷ್ಟು ಸಂತೋಷ ಅವಳಿಗೆ ಆ ಏಳು ವರ್ಷದಲ್ಲಿ ಆಗಿರಲಿಲ್ಲ.

ಆ ಸಂಜೆ ಅಣ್ಣ ಮೂರನೆಯ ಟ್ರ್ಯಾಕಿನಲ್ಲಿ ಹಾಡಿದ, ಈ ಸಲ ತಮ್ಮನ ದನಿಯನ್ನು ಕಿವಿಯಲ್ಲಿ ಕೇಳಿಕೊಂಡೇ. ಗಿಟಾರಿನ ಮಾತು ಬಂದದ್ದು ಇಷ್ಟೇ: ಅದರ ನಾಲ್ಕು ತಂತಿ ಹೋಗಿವೆ ಎಂದ ಅಣ್ಣ, ಶನಿವಾರ ಬಂದು ಹಾಕಿಕೊಡುತ್ತೇನೆ ಎಂದ ತಮ್ಮ. ಸುದ್ದಿ ತಿಳಿದು ತಂಗಿಯೂ ಸಮವಸ್ತ್ರದಲ್ಲೇ ಓಡಿಬಂದಳು.

ಅಮ್ಮನಿಗೆ ಕೇಳಿಸುವ ಮೊದಲು ಕತ್ತರಿ ಅಕ್ಕ ಒಂದು ಕೆಲಸ ಮಾಡಿದಳು. ದನಿಯನ್ನು ಎಡಕ್ಕೋ ಬಲಕ್ಕೋ ಕಳಿಸುವ ನಾಲ್ಕು ಚಿಕ್ಕ ತಿರುಪುಗಳಿದ್ದವು. ನಾಲ್ಕನ್ನೂ ಪೂರ್ತಿ ಬಲಕ್ಕೆ ತಿರುಗಿಸಿದಳು. ಎಡಗಿವಿಗೆ ಒಂದು ಚೂರೂ ಹೋಗಿ ಹಾಳಾಗಬಾರದು.

ಅಮ್ಮ ಹೆಡ್‌ಫೋನು ಹಾಕಿಕೊಂಡು ಕಾಲು ಚಾಚಿ ಕೂತಳು. ಟೇಪು ತುದಿಯಿಂದಲೇ ಓಡಿತು. ಹಾಡು ಶುರುವಾಗುವ ಮೊದಲೇ ಅಮ್ಮ ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು. ಹಾಡಿನುದ್ದಕ್ಕೂ ಅವಳ ಬೆರಳುಗಳು ತೊಡೆಯ ಮೇಲೆ ಕಾಣದ ನೂಲು ಕೀಳುತ್ತಿದ್ದವು. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹಾಕು, ಮೊದಲಿನ ಮಾತಿನಿಂದಲೇ ಹಾಕು ಎಂದಳು.

"ಆ ಮಾತು ಅಳಿಸ್ಬಿಡು," ಎಂದ ಅಣ್ಣ ಸಂಕೋಚದಿಂದ. "ಹಾಡು ಸಾಕಲ್ಲ."

"ಅದನ್ನ ಮುಟ್ಟಿದ್ರೆ ನೋಡು," ಎಂದ ತಮ್ಮ.

ನನ್ನ ಮಾತು ನನ್ನಿಷ್ಟ ಎಂದ ಅವನು. ನನ್ನ ಬಗ್ಗೆ ಆಡಿದ ಮೇಲೆ ಅದು ನನ್ನದೇ ಎಂದ ಇವನು. ದನಿ ಏರಿತು. ಏಳು ವರ್ಷಗಳ ಮೇಲೆ ಇಬ್ಬರೂ ಎದುರುಬದುರು ನಿಂತು ಆಡಿದ ಮೊದಲ ಜಗಳ. ಅಮ್ಮ ಬಲಗಡೆಯ ಹೆಡ್‌ಫೋನು ಸರಿಸಿ, ಅದನ್ನೂ ಆಸೆಯಿಂದ ಕೇಳಿದಳು.

ಹೊಸದಾಗಿ ಏನೂ ರೆಕಾರ್ಡಾಗದಂತೆ ತಡೆಯಬೇಕಾದರೆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಬೇಕೆಂದು ತಾತ ಹೇಳಿಕೊಟ್ಟಿದ್ದರು. ಕತ್ತರಿ ಅಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. ಕ್ಯಾಸೆಟ್ಟು ಹೊರತೆಗೆದು, ಕೊರಳಲ್ಲಿದ್ದ ಕತ್ತರಿಯ ಮೊನೆಯಿಂದ ಎರಡನ್ನೂ ಮುರಿದು ಹಾಕಿದಳು. ಆಮೇಲೆ ಅದನ್ನು ಮತ್ತೆ ಯಂತ್ರದಲ್ಲಿಟ್ಟು, ಅಮ್ಮನ ಬಲಗಿವಿಗೆ ಹೆಡ್‌ಫೋನು ಸರಿಮಾಡಿ, ಮೊದಲಿನಿಂದ ಹಾಕಿದಳು.